ಅಂಗಡಿ ಅಕ್ಕನಿಗೆ ಬಂದ ಬಾಗಿನ

ಈ ಸಲದ ಗೌರಿ ಹಬ್ಬಕ್ಕೆ ನಾದಿನಿ ಕೊಟ್ಟದ್ದು ಬಿದಿರಿನ ಮೊರದ ಬಾಗಿನ. ಈಗೆಲ್ಲ ಪ್ಲಾಸ್ಟಿಕ್ ಮೊರ ಬಂದಿವೆಯಲ್ಲ, ಹಾಗಾಗಿ ಖುಷಿಯಿಂದಲೇ ತೆಗೆದುಕೊಂಡೆ. ಮೇಲಿನ ಮೊರ ಎತ್ತಿದಾಗ ಅರಿಶಿನ ಬಳಿದ ಹಸಿ ಬಿದಿರಿನ ವಾಸನೆ ಗಪ್ಪನೆ ಬಂತು. ಒಳಗೆ ಬಳೆ-ಬಿಚ್ಚೋಲೆ, ರವಿಕೆ ಕಣ, ಬೆಲ್ಲ, ಬೇಳೆ ಎಲ್ಲ ಇದ್ದವು. ನನಗೆ ಮಾತ್ರ ಕೆಸರು ನೆನಪಾಯಿತು... ಹಬ್ಬದ ದಿನ ಸಿಟ್ಟು ಮಾಡಿಕೊಳ್ಳಬಾರದು ಅಂತಾರೆ. ಮಾಡಿಕೊಂಡೆ.

ಆಗ ನಾವು ತುಮಕೂರಿನ ಅಂಚಿನ ಹೊಸ ಬಡಾವಣೆಯೊಂದರಲ್ಲಿ ಬಾಡಿಗೆಗಿದ್ದೆವು. ಯಜಮಾನರಿಗೆ ಅಂತರಸನಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸ. ಎದುರು ಮನೆಯವಳನ್ನು ಎಲ್ಲರೂ ಅಂಗಡಿ ಅಕ್ಕ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲೇ ಗ್ರಂಧಿಗೆ ಅಂಗಡಿ ಇಟ್ಟಿದ್ದಳು. ಅರಿಶಿನ, ಕುಂಕುಮ, ಕರ್ಪೂರ, ಬತ್ತಿ, ಮೊರ, ಎಲ್ಲ ಸಿಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ನಿಟ್ಟೂರಿನಲ್ಲಿ ಪಾಲಿಗೆ ಬಂದ ತೆಂಗಿನ ತೋಟ ಮಾರಿ, ಸೈಟು ಕೊಂಡು, ಎರಡು ಕೋಣೆ ಕಟ್ಟಿಸಿಕೊಂಡಿದ್ದಳು. ಮಕ್ಕಳಿರಲಿಲ್ಲ. ಆ ಮನೆ ಬಿಟ್ಟರೆ ಅವಳಿಗೆ ಇನ್ನೇನೂ ಇರಲಿಲ್ಲ.

ಬಾಯಿ ಜೋರು. ಸಾಮಾನನ್ನು ಮೂಸಿ ನೋಡುವವರನ್ನು ಕಂಡರೆ ಆಗುತ್ತಿರಲಿಲ್ಲ, ಬೈದು ಕಳಿಸುತ್ತಿದ್ದಳು. ಮೂಸಿದರೆ ಗುಟ್ಟು ರಟ್ಟಾಗುತ್ತಿತ್ತು ಬಿಡಿ. ಹಳೇ ಅಡಿಕೆಯನ್ನು ಬಾಗಿನದ ತಳಕ್ಕೆ ತಳ್ಳುವುದು ಅವಳ ಅಭ್ಯಾಸ. ಕೇಳಿದರೆ, ಗೌರಮ್ಮ ಏನು ಅಗಿದು ನೋಡ್ತಾಳಾ ಎನ್ನುತ್ತಿದ್ದಳು. ಹಬ್ಬ ಬಂತೆಂದರೆ ಇಡೀ ಬಡಾವಣೆಯ ಬಾಗಿನ ಕಟ್ಟುವವಳು ಅವಳೇ. ಗಂಡನಿಲ್ಲದವಳೆಂದು ಅವಳಿಗೆ ಬಾಗಿನ ಕೊಡುವವರು ಮಾತ್ರ ಯಾರೂ ಇರಲಿಲ್ಲ. ಆ ಸಂಪ್ರದಾಯದ ಮೇಲೆ ನನಗಿರುವ ಸಿಟ್ಟು ಬೇರೆಯೇ ಇದೆ, ಇರಲಿ.

ಬಡಾವಣೆಯ ಮೇಲ್ಗಡೆ ಒಂದು ಕೆರೆ. ವರ್ಷಗಟ್ಟಲೆ ಒಣಗಿ, ಜಾಲಿ ಬೆಳೆದು, ಅಂಗಳದಲ್ಲಿ ಕ್ರಿಕೆಟ್ ನಡೆಯುತ್ತಿದ್ದ ಕೆರೆ. ಅದು ತುಂಬಿದಾಗ ಹೆಚ್ಚಾದ ನೀರು ಹರಿದುಹೋಗಲು ಕೋಡಿಹಳ್ಳ ಒಂದು ಕಾಲದಲ್ಲಿ ಇತ್ತಂತೆ. ನೀರೇ ಇಲ್ಲದ ಹಳ್ಳ ಯಾರ ಕಣ್ಣಿಗೆ ಕಾಣುತ್ತದೆ? ಊರಿನ ಮುಖಂಡನೊಬ್ಬ ಅದಕ್ಕೆ ಮಣ್ಣು ಹೊಡೆಸಿ, ಮಟ್ಟ ಮಾಡಿ, ಕಲ್ಲು ನೆಟ್ಟು ಸೈಟು ಮಾರಿದ. ಅಂಗಡಿ ಅಕ್ಕ ಕೊಂಡದ್ದು ಅಂಥದ್ದೊಂದನ್ನು. ಹಳ್ಳದ ಬದಲಿಗೆ ರಸ್ತೆಯ ಕೆಳಗೊಂದು ಸಿಮೆಂಟ್ ಪೈಪು ಹೂಳಿಸಿದ್ದ. ಮಳೆ ಕಾಣದ ಸೀಮೆಗೆ ಇಷ್ಟು ಧಾರಾಳವಾಯಿತು ಎಂದು ಅವನೂ ಅಂದುಕೊಂಡ, ಅನುಮತಿ ಕೊಟ್ಟವರೂ ಅಂದುಕೊಂಡರು.

ಅಷ್ಟರಲ್ಲಿ ಮಳೆಯ ರೀತಿಯೇ ಕೆಟ್ಟಿತ್ತು. ಮೊದಲು ನಮ್ಮ ಕಡೆ ಮಳೆಗೆ ಹೆಸರಿತ್ತು. ಭರಣಿ, ರೋಹಿಣಿ, ಉತ್ತರೆ, ಹಸ್ತ... ಯಾವುದು ಬಂದರೆ ರಾಗಿಗೆ ಏನಾಗುತ್ತದೆಂದು ಮನೆಯ ಹೆಂಗಸರಿಗೂ ಗೊತ್ತಿರುತ್ತಿತ್ತು. ಈಗ ತಿಂಗಳುಗಟ್ಟಲೆ ಮೋಡವಿರುವುದಿಲ್ಲ, ಬಂದರೆ ತಿಂಗಳ ಮಳೆ ಒಂದೇ ಮಧ್ಯಾಹ್ನ ಬೀಳುತ್ತದೆ. ಭೂಮಿ ಕಾದಿದೆ, ಕಾದ ಗಾಳಿ ಹೆಚ್ಚು ನೀರು ಹೊತ್ತು ತಂದು ಒಮ್ಮೆಲೇ ಸುರಿಯುತ್ತದೆ ಎಂದು ಟೀವಿಯಲ್ಲಿ ಹೇಳುತ್ತಾರೆ. ನಿಜವೇ. ಆದರೆ ಭೂಮಿಯನ್ನು ಕಾಯಿಸಿದ್ದರಲ್ಲಿ ಅಂಗಡಿ ಅಕ್ಕನ ಪಾಲೆಷ್ಟು? ಅವಳ ಮನೆಯಲ್ಲಿದ್ದದ್ದು ಒಂದು ಫ್ಯಾನು, ಎರಡು ಬಲ್ಬು.

ಹಾಗೆ ಸುರಿದ ಒಂದು ವರ್ಷ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಸೆಲ್ಫಿಗೆ ಹೊರಟಿತು. ತುಂಬಿದ ಕೆರೆಗೆ ಬಾಗಿನ ಬಿಡುವುದು ನಮ್ಮಲ್ಲಿ ಪದ್ಧತಿ. ಆ ಮುಖಂಡನೇ ಬಿಡುವುದೆಂದು ತೀರ್ಮಾನವಾಗಿ, ಅವನ ಕಡೆಯವರು ಸಾಮಾನಿಗೆ ಅಂಗಡಿ ಅಕ್ಕನಲ್ಲಿಗೇ ಬಂದರು. ಅವಳ ಸಂಭ್ರಮ ನೋಡಬೇಕಿತ್ತು. ಹೊಸ ಮೊರಗಳಿಗೆ ಎರಡೆರಡು ಸಲ ಅರಿಶಿನ ಬಳಿದಳು, ಹಸಿರು ರವಿಕೆ ಕಣ ಹುಡುಕಿ ಇಟ್ಟಳು, ಹಳೇ ಅಡಿಕೆ ಮುಟ್ಟಲಿಲ್ಲ.

"ಗಂಗಮ್ಮಂಗೆ ಕೊಡೋದು ಕಣೇ, ಇದ್ರಲ್ಲಿ ಮೋಸ ಮಾಡಬಾರ್ದು," ಎಂದು ಹಳದಿ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು.

ಮಾರನೆಯ ಬೆಳಿಗ್ಗೆ ಮುಖಂಡ ಪೇಟ ಸುತ್ತಿಕೊಂಡು ಕೋಡಿಯಲ್ಲಿ ಬಾಗಿನ ಬಿಟ್ಟ. ವರುಣ ಕಣ್ಣು ಬಿಟ್ಟ ಎಂದು ಭಾಷಣ ಮಾಡಿದ. ನಾವು ಚಪ್ಪಾಳೆ ತಟ್ಟಿ ಮನೆಗೆ ಬಂದೆವು.

ಅದೇ ಮಧ್ಯಾಹ್ನ ಆಕಾಶ ಕಳಚಿಬಿದ್ದ ಹಾಗೆ ಮತ್ತೆ ಸುರಿಯಿತು. ಕೋಡಿಯ ನೀರು ಆ ಪೈಪಿನಲ್ಲಿ ಹಿಡಿಸದೆ ರಸ್ತೆ ಹತ್ತಿ, ತನ್ನ ಹಳೇ ಹಳ್ಳದ ದಾರಿ ಹಿಡಿಯಿತು. ಸಂಜೆ ಹೊತ್ತಿಗೆ ಅಂಗಡಿ ಅಕ್ಕನ ಮನೆಯಲ್ಲಿ ಸೊಂಟದ ಮಟ್ಟ ನೀರು. ನಮ್ಮದು ಎತ್ತರದ ಮನೆ, ಅವಳನ್ನು ಕೈಹಿಡಿದು ಎಳೆದುಕೊಂಡು ಬಂದೆವು. ಬೆಳಿಗ್ಗೆ ನೀರಿಳಿದ ಮೇಲೆ ಹೋಗಿ ನೋಡಿದರೆ ಹಿಂದಿನ ಗೋಡೆ ಬಿದ್ದಿತ್ತು. ಅಂಗಡಿಯ ಕುಂಕುಮವೆಲ್ಲ ಕರಗಿ ಅಂಗಳದ ಕೆಸರು ಕೆಂಪಾಗಿತ್ತು. ಗೇಟಿಗೆ ತೆಂಗಿನ ಗರಿ, ಬಾಟಲಿ, ಕಸ ಸಿಕ್ಕಿಕೊಂಡಿತ್ತು. ಅದರ ನಡುವೆ ಒಂದು ಜೊತೆ ಮೊರ. ಹಳದಿ ದಾರದ ಗಂಟು ಬಿಚ್ಚಿರಲಿಲ್ಲ.

ಅವಳು ಅದನ್ನು ಎತ್ತಿಕೊಂಡು ಕೆಸರಿನಲ್ಲೇ ಕುಳಿತುಬಿಟ್ಟಳು.

"ನಂಗೂ ಒಂದು ಬಾಗಿನ ಬಂತು ನೋಡೇ," ಅಂದಳು. ನಕ್ಕಳೋ ಅತ್ತಳೋ... ನನಗೆ ಇವತ್ತಿಗೂ ತಿಳಿಯದು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು ಆಮೇಲೆ ಬಂದರು. ಸರ್ಕಾರದ ಅಧಿಕಾರಿಗಳು, ಟೇಪು ಹಿಡಿದು ಅಳೆದರು. ಇದು ಹಳ್ಳದ ಜಾಗ, ಒತ್ತುವರಿ, ಪರಿಹಾರ ಬರುವುದಿಲ್ಲ ಎಂದರು. ಉಳಿದಿದ್ದ ಗೋಡೆಗೆ ಕೆಡವಲೆಂದು ಕೆಂಪು ಬಣ್ಣದ ಗುರುತು ಹಾಕಿದರು. ಸೈಟು ಮಾರಿದವನ ಮನೆಯ ಗೋಡೆಗೆ ಯಾರೂ ಬಣ್ಣ ಹಚ್ಚಲಿಲ್ಲ.

ಅಂಗಡಿ ಅಕ್ಕ ಆ ಮೊರ ಹಿಡಿದುಕೊಂಡು ಅವನ ಮನೆಗೆ ಹೊರಟಳು. ನಾನೂ ಜೊತೆಗೆ ಹೋದೆ. ವರಾಂಡದ ತುಂಬ ಜನ. ಅವನು ಬಹಳ ನಯವಾಗಿಯೇ ಮಾತಾಡಿದ.

"ಅಕ್ಕಾ, ನಾನೇನ್ ಮಾಡ್ಲಿ ಹೇಳು. ಇದು ಹವಾಮಾನ ಬದಲಾವಣೆ. ಪ್ರಪಂಚಕ್ಕೇ ಬಂದೈತೆ, ನಮಗೊಬ್ರಿಗೇ ಅಲ್ಲ."

ಮೈಯೆಲ್ಲ ಉರಿದುಹೋಯಿತು ನನಗೆ. ಮಾತು ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಮಳೆ ಕೆಟ್ಟದ್ದು ಪ್ರಪಂಚದಿಂದ, ಸರಿ. ಆ ಮಳೆ ನೆಟ್ಟಗೆ ಅವಳ ಅಡುಗೆಮನೆಗೆ ನುಗ್ಗಿದ್ದು ಯಾರಿಂದ? ಅಷ್ಟು ದೊಡ್ಡ ಸತ್ಯವನ್ನು ಕೊಡೆಯ ಹಾಗೆ ಬಿಚ್ಚಿ ಹಿಡಿದು, ಅದರ ಕೆಳಗೆ ಇವನೊಬ್ಬ ನೆನೆಯದೆ ಕೂತಿದ್ದ.

ಅವಳು ಮೊರವನ್ನು ಅವನ ಕಾಲ ಬಳಿ ಇಟ್ಟಳು.

"ನೀವು ಬುಟ್ಟ ಬಾಗಿನ ನಮ್ಮನೆಗೆ ಬಂದೈತೆ. ಗಂಗಮ್ಮಂಗೆ ಬ್ಯಾಡ್ವಂತೆ. ನಂಗೂ ಬ್ಯಾಡ. ನೀವೇ ಇಟ್ಕಳಿ."

ಕೊಟ್ಟ ಬಾಗಿನ ತಿರುಗಿ ಬರುವುದೆಂದರೆ ನಮ್ಮ ಕಡೆ ಹೆದರುತ್ತಾರೆ. ವರಾಂಡದಲ್ಲಿದ್ದವರು ಮೊರದಿಂದ ಒಂದೊಂದು ಹೆಜ್ಜೆ ಹಿಂದೆ ಸರಿದರು. ಅವನು ತಲೆ ತಗ್ಗಿಸಿದ ಎಂದು ಬರೆಯಲು ನನಗೂ ಆಸೆ. ಇಲ್ಲ, ತಗ್ಗಿಸಲಿಲ್ಲ. ಯಾರಿಗೋ ಕಣ್ಸನ್ನೆ ಮಾಡಿ ಮೊರವನ್ನು ಆಚೆ ಹಾಕಿಸಿದ, ಮುಂದಿನವರನ್ನು ಕರೆದ.

ಆಮೇಲೆ ಅವಳು ನಿಟ್ಟೂರಿಗೆ, ತಂಗಿಯ ಮನೆಗೆ ಹೋದಳು. ಹಿತ್ತಿಲಿನಲ್ಲಿ ತಗಡಿನ ಶೀಟು ಹೊದಿಸಿದ ಒಂದು ಕೋಣೆ ಕೊಟ್ಟಿದ್ದರು. ಮರುವರ್ಷ ಮಳೆಯೇ ಬರಲಿಲ್ಲ. ಅದರ ಹಿಂದೆ ಬಂದ ಬೇಸಗೆಯಲ್ಲಿ ಬೋರ್‌ವೆಲ್ ಬತ್ತಿ, ತೆಂಗಿನ ಗರಿಗಳು ಜೋತುಬಿದ್ದವು. ಒಂದು ಮಧ್ಯಾಹ್ನ ಆ ಶೀಟಿನ ಕೆಳಗೆ ಮಲಗಿದವಳು ಏಳಲಿಲ್ಲ. ಮೈ ಕೆಂಡವಾಗಿತ್ತು ಎಂದು ತಂಗಿ ಅಳುತ್ತ ಹೇಳಿದಳು. ವಯಸ್ಸಾಗಿತ್ತು ಬಿಡಿ ಎಂದರು ಉಳಿದವರು. ಏನು ವಯಸ್ಸು? ತಲೆಯಲ್ಲಿ ಅರ್ಧ ಕೂದಲು ಕಪ್ಪಗೇ ಇತ್ತು. ಅವಳನ್ನು ಕೊಂದದ್ದು ಬಿಸಿಲು, ಆ ಬಿಸಿಲಿಗೆ ಅವಳನ್ನು ತಂದು ಹಾಕಿದ್ದು ಆ ಸೈಟು. ಯಾರೂ ಹೇಳಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಈಗ ನಾವಿರುವುದು ಕುಣಿಗಲ್ಲಿನಲ್ಲಿ. ಹಬ್ಬದ ದಿನ ಬಾಗಿನ ಇನ್ನೂ ತೊಡೆಯ ಮೇಲಿರುವಾಗಲೇ ಹಳೇ ಬಡಾವಣೆಯ ಸಂಘದವನೊಬ್ಬನ ಫೋನು. ಕೆರೆ ಮತ್ತೆ ಕೋಡಿ ಬಿದ್ದಿದೆಯಂತೆ. ಅದೇ ಮುಖಂಡರು ಬಾಗಿನ ಬಿಡುತ್ತಾರಂತೆ. ಒತ್ತುವರಿ ಎಂದಿದ್ದ ಅಂಗಡಿ ಅಕ್ಕನ ಜಾಗದಲ್ಲೇ ಬೇರೆ ಯಾರೋ ಆಗಲೇ ಮನೆ ಕಟ್ಟಿಕೊಂಡಿದ್ದಾರೆ, ಗೃಹಪ್ರವೇಶದ ಫೋಟೋ ನಾನೂ ನೋಡಿದ್ದೆ.

"ಆಂಟಿ, ಚೆನ್ನಾಗಿ ಬಾಗಿನ ಕಟ್ಟೋರು ಯಾರಾದ್ರೂ ಗೊತ್ತಾ?" ಎಂದು ಕೇಳಿದ.

"ಒಬ್ರಿದ್ರಪ್ಪ. ನಿಮ್ಮ ಮುಖಂಡರನ್ನೇ ಕೇಳು, ಅವರ ಮನೆ ಎಲ್ಲಿತ್ತು ಅಂತ ಅವ್ರಿಗೆ ಚೆನ್ನಾಗಿ ಗೊತ್ತು," ಎಂದು ಫೋನು ಇಟ್ಟೆ.

ಬಾಗಿನದ ತಳಕ್ಕೆ ಬೆರಳು ಹಾಕಿ ಒಂದು ಅಡಿಕೆ ತೆಗೆದೆ. ಮೂಸಿ ನೋಡಿದೆ. ಹೊಸದೇ... ಮೂಸಿದ್ದಕ್ಕೆ ಬೈಯಲು ಅವಳಿರಲಿಲ್ಲ.