ಬೋಳು ತಲೆಯ ನಿರೂಪಕಿ

ಮೈಸೂರಿನ ಸಭೆ ಸಮಾರಂಭಗಳಲ್ಲಿ ನಿರೂಪಣೆ ಮಾಡುವುದು ನನ್ನ ಕೆಲಸ. ಮದುವೆಯ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ರಾಜ್ಯೋತ್ಸವ, ಸಂಘದವರ ಸನ್ಮಾನ, ಹೊಸ ಅಂಗಡಿಯ ಉದ್ಘಾಟನೆ, ಹೀಗೆ ಮೈಕು ಹಿಡಿದು ನಿಲ್ಲುವ ಹೆಂಗಸು ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತಿದ್ದೆ. ಜನ ನನ್ನ ಹೆಸರು ನೆನಪಿಟ್ಟುಕೊಂಡದ್ದು ಕಡಿಮೆ. ಸೊಂಟದಿಂದ ಕೆಳಗಿಳಿಯುತ್ತಿದ್ದ ದಪ್ಪ ಜಡೆಯಿಂದಲೇ ಗುರುತು ಹಿಡಿಯುತ್ತಿದ್ದರು. ತರಕಾರಿ ಆರಿಸುತ್ತಿರುವಾಗಲೂ ಯಾರಾದರೂ ಬೆನ್ನ ಹಿಂದೆ ನಿಂತು, ಜಡೆ ಮೇಡಂ ಅಲ್ವಾ ಎನ್ನುತ್ತಿದ್ದರು. ನಾನು ತಿರುಗಿ ನಗುತ್ತಿದ್ದೆ. ಕುಳ್ಳಗಿದ್ದೇನೆ, ಮದುವೆಯ ನಂತರ ಮೈ ಬಂದಿದೆ, ಮುಖದಲ್ಲಿ ಮೊಡವೆಯ ಕಲೆಗಳಿವೆ. ಆದರೆ ವೇದಿಕೆ ಹತ್ತುವಾಗ ಬೆನ್ನ ಮೇಲೆ ಜಡೆ ಒಂದು ಸಲ ತೂಗಿದರೆ ಸಾಕು, ಇವೆಲ್ಲವೂ ಮರೆತುಹೋಗುತ್ತಿತ್ತು.

ಮೊದಲು ಕಂಡದ್ದು ನನಗಲ್ಲ. ಚಾಮರಾಜಪುರಂನಲ್ಲಿ ನಾನು ವರ್ಷಗಳಿಂದ ಹೋಗುವ ಒಂದು ಪಾರ್ಲರ್ ಇದೆ. ಅಲ್ಲಿನಾಕೆ ಆರತಕ್ಷತೆಯೊಂದಕ್ಕಾಗಿ ನನ್ನ ತಲೆ ಬಾಚುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಬಾಯಿ ತುಂಬ ಮಾತಾಡುವ ಹೆಂಗಸು ಅವಳು. ಅವಳ ಮಾತು ನಿಂತದ್ದೇ ನನಗೆ ದಿಗಿಲಾಯಿತು. ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಅವಳು ನನ್ನ ನೋಟ ತಪ್ಪಿಸಿ, ನನ್ನ ಬೆರಳು ಹಿಡಿದು ಕಿವಿಯ ಹಿಂಭಾಗಕ್ಕೆ ಒಯ್ದಳು.

"ಇಲ್ಲಿ ಮುಟ್ಟಿ ನೋಡ್ಕೊಳಿ ಮೇಡಂ," ಎಂದಳು.

ಮುಟ್ಟಿದೆ. ಅಲ್ಲಿ ಏನೂ ಇರಲಿಲ್ಲ. ಮಗುವಿನ ಅಂಗೈಯಂತೆ ನುಣುಪಾದ ಚರ್ಮ, ಅಷ್ಟೆ. ಅವಳು ಪಕ್ಕದ ಕೂದಲನ್ನು ಎಳೆದು ಆ ಜಾಗ ಮುಚ್ಚಿ, ಹೂವು ಮುಡಿಸಿ ಕಳಿಸಿದಳು. ಆ ಸಂಜೆ ಮೈಕು ಹಿಡಿದು ಎರಡೂ ಕಡೆಯ ಬಂಧುಗಳನ್ನು ಸ್ವಾಗತಿಸುತ್ತಿದ್ದಾಗ ನನ್ನ ಎಡಗೈ ನನ್ನ ಮಾತು ಕೇಳಲೇ ಇಲ್ಲ. ಮತ್ತೆ ಮತ್ತೆ ಕಿವಿಯ ಹಿಂದೆ ಹೋಗಿ ಆ ನುಣುಪನ್ನು ತಡವಿ ಬರುತ್ತಿತ್ತು.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ, ಕಲಸಿದ ಚಪಾತಿ ಹಿಟ್ಟಿನಲ್ಲಿ, ಎಲ್ಲೆಲ್ಲೂ ಕೂದಲು. ಒಂದೆಡೆ ಕಂಡ ಬಯಲು ಇನ್ನೊಂದೆಡೆ ಕಾಣಿಸಿಕೊಂಡು, ಒಂದಕ್ಕೊಂದು ಕೂಡಿಕೊಂಡಿತು. ಚರ್ಮದ ಡಾಕ್ಟರು ಸಮಾಧಾನವಾಗಿಯೇ ವಿವರಿಸಿದರು. ಮೈಯ ರಕ್ಷಣೆಗೆ ಇರುವ ಶಕ್ತಿಯೇ ತಪ್ಪು ತಿಳಿದು ಕೂದಲ ಬೇರಿನ ಮೇಲೆ ಬೀಳುವ ಕಾಯಿಲೆಯಂತೆ. ಪ್ರಾಣಕ್ಕೆ ಅಪಾಯವಿಲ್ಲ, ಯಾರಿಗೂ ಅಂಟುವುದಿಲ್ಲ, ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು. ನೆತ್ತಿಗೆ ಸೂಜಿ ಚುಚ್ಚುವಾಗ ಅವರು ಕಣ್ಣು ಮುಚ್ಚಿಕೊಳ್ಳಿ ಎಂದರು. ಮುಚ್ಚಿಕೊಂಡೆ. ಸೂಜಿಯ ನೋವಿಗಿಂತ ಕಣ್ಣು ಮುಚ್ಚಿದಾಗ ಕಾಣುತ್ತಿದ್ದುದೇ ಭಯಂಕರವಾಗಿತ್ತು. ತುಂಬಿದ ಸಭೆ, ಅಷ್ಟೂ ಜನರ ಕಣ್ಣು ನನ್ನ ಮುಖ ಬಿಟ್ಟು ಸ್ವಲ್ಪವೇ ಮೇಲೆ.

ಮನೆಯಲ್ಲಿ ಗಂಡನಿಗೆ ಮಾತ್ರ ಹೇಳಿದ್ದೆ. ಅವರೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ನಿಜವಾದ ಕೂದಲಿನಿಂದ ಮಾಡಿದ ವಿಗ್ ಕೊಡಿಸಿದರು. ಅದಕ್ಕೆ ಒಂದು ಜಡೆಯನ್ನೂ ಸೇರಿಸಿ ಹೊಲಿಸಿದೆವು. ನೋಡಿದವರಿಗೆ, ಒಂದೇ ಮನೆಯಲ್ಲಿದ್ದ ಅತ್ತೆಗೂ, ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆದರೆ ಅದನ್ನು ಹಾಕಿಕೊಂಡ ಮೇಲೆ ನನಗೆ ಗಾಳಿಯೆಂದರೆ ಭಯವಾಗತೊಡಗಿತು. ವೇದಿಕೆಯ ಮೇಲಿನ ದೊಡ್ಡ ಫ್ಯಾನು ಕಂಡರೆ ಭಯ. ಪ್ರೀತಿಯಿಂದ ಕೊರಳಿಗೆ ಬಿದ್ದು ಜಡೆ ಹಿಡಿಯುವ ಚಿಕ್ಕ ಮಕ್ಕಳೆಂದರೆ ಭಯ. ಹಾರ ಹಾಕಲು ಬರುವವರು, ಹೂ ಮುಡಿಸಲು ಬರುವ ಮುತ್ತೈದೆಯರು, ಬೆನ್ನು ತಟ್ಟುವ ಹಿರಿಯರು, ಎಲ್ಲರ ಕೈಯನ್ನೂ ಕಣ್ಣಲ್ಲೇ ಕಾಯುತ್ತಿದ್ದೆ. ಮೊದಲೆಲ್ಲ ಸಭಿಕರ ಮುಖ ನೋಡಿಕೊಂಡು ಮಾತು ಬೆಳೆಸುತ್ತಿದ್ದವಳು ಈಗ ಚೀಟಿಯಲ್ಲಿ ಬರೆದದ್ದನ್ನು ಓದಿ ಮುಗಿಸುತ್ತಿದ್ದೆ.

ಇಂಥ ದಿನಗಳಲ್ಲೇ ಒಂದು ಸಾಂಸ್ಕೃತಿಕ ಸಂಘದ ಸನ್ಮಾನ ಸಮಾರಂಭ ಬಂತು. "ಈಗ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಫಲತಾಂಬೂಲ ನೀಡಿ ಗೌರವಿಸಲಾಗುವುದು" ಎಂಬ ಮಾತು ನನ್ನ ನಾಲಿಗೆಯ ಮೇಲೆ ತಾನಾಗಿ ಬರುವಂಥದ್ದು. ಅಂದೂ ಹಾಗೆಯೇ ಒಬ್ಬೊಬ್ಬರನ್ನೇ ಕರೆದು ಹೇಳುತ್ತ ಹೋದೆ. ಸನ್ಮಾನಿತರ ಸಾಲು ಮುಗಿಯಿತು ಎಂದುಕೊಳ್ಳುವಾಗ ಸಂಘದ ಅಧ್ಯಕ್ಷರು ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಇಷ್ಟು ವರ್ಷ ಎಲ್ಲರ ಸನ್ಮಾನವನ್ನು ನಡೆಸಿಕೊಟ್ಟ ಈ ಹೆಣ್ಣುಮಗಳಿಗೆ ಯಾರೂ ಪೇಟ ತೊಡಿಸಿಲ್ಲ, ಇವತ್ತು ನಾವು ತೊಡಿಸುತ್ತೇವೆ ಎಂದರು. ಸಭೆ ಚಪ್ಪಾಳೆ ತಟ್ಟಿತು.

ಬೇಡ ಸರ್, ದಯವಿಟ್ಟು ಬೇಡ ಎಂದೆ. ಅವರು ಅದನ್ನು ಸಂಕೋಚ ಎಂದುಕೊಂಡರು. ಇಬ್ಬರು ಹೆಂಗಸರು ನಗುತ್ತ ಬಂದು ನನ್ನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಶಾಲು ಬಂತು. ಹಾರ ಬಂತು. ಆಮೇಲೆ ಜರಿಯ ಅಂಚಿನ ಪೇಟ ಬಂತು. ಅದು ನನ್ನ ತಲೆಯ ಅಳತೆಗೆ ಚಿಕ್ಕದಾಗಿತ್ತು. ಅಧ್ಯಕ್ಷರು ಎರಡೂ ಕೈಯಿಂದ ಅದುಮಿದರು. ವಿಗ್ ಹಿಂದಕ್ಕೆ ಜರುಗಿದ್ದು ನನಗೆ ಗೊತ್ತಾಯಿತು. ಉಸಿರು ಬಿಗಿಹಿಡಿದು ಕತ್ತು ಅಲ್ಲಾಡಿಸದೆ ಕುಳಿತೆ. ಇನ್ನೇನು ಮುಗಿಯಿತು ಎನ್ನುವಾಗ ಫೋಟೋ ತೆಗೆಯುವವನು, ಸ್ವಲ್ಪ ಮೇಲಕ್ಕೆತ್ತಿ ಸರ್, ಹಣೆ ಕಾಣ್ತಿಲ್ಲ ಎಂದ. ಅವರು ಎತ್ತಿದರು. ಒಳಗಿನ ಕ್ಲಿಪ್ಪೊಂದು ಜರಿಗೆ ಸಿಕ್ಕಿಕೊಂಡಿರಬೇಕು. ಪೇಟದ ಜೊತೆ ಎಲ್ಲವೂ ಎದ್ದು ಬಂತು.

ನೆತ್ತಿಗೆ ತಣ್ಣಗೆ ಗಾಳಿ ತಾಕಿದ್ದು ಇವತ್ತಿಗೂ ನೆನಪಿದೆ. ಅಧ್ಯಕ್ಷರು ಪೇಟ ಹಿಡಿದುಕೊಂಡೇ ನಿಂತಿದ್ದರು. ಅದರಿಂದ ಜಡೆ ಜೋತಾಡುತ್ತಿತ್ತು. ಪಾಪ, ಅದನ್ನು ಕೆಳಗಿಡಬೇಕೋ ನನಗೆ ಕೊಡಬೇಕೋ ಅವರಿಗೂ ತಿಳಿಯಲಿಲ್ಲ. ಸಭೆಯಲ್ಲಿ ಸದ್ದಿಲ್ಲ. ಎಲ್ಲೋ ಹಿಂದಿನ ಸಾಲಿನಲ್ಲಿ ಒಂದು ಸಣ್ಣ ನಗು ಎದ್ದು ಅಲ್ಲೇ ನಿಂತಿತು. ನಾನು ಎರಡೂ ಕೈ ತಲೆಯ ಮೇಲಿಟ್ಟುಕೊಂಡೆ. ಕೈ ಸಾಲಲಿಲ್ಲ. ಸೆರಗು ಹೊದ್ದುಕೊಂಡು ವೇದಿಕೆಯ ಹಿಂದಿನ ಮೆಟ್ಟಿಲು ಇಳಿದು, ಅಡುಗೆಯವರ ನಡುವೆ ದಾರಿ ಮಾಡಿಕೊಂಡು ಹಿಂಬಾಗಿಲಿಂದ ಓಡಿದೆ. ಆಟೋದವನು ಏನಾಯ್ತಮ್ಮ ಎಂದು ಕೇಳಿದ. ಬೇಗ ಕುಂಬಾರಕೊಪ್ಪಲಿಗೆ ಎಂದಷ್ಟೇ ಹೇಳಿದೆ.

ಮನೆಯಲ್ಲಿ ಬಾಗಿಲು ತೆರೆದದ್ದು ಅತ್ತೆ. ಆ ತನಕ ಅವರಿಗೂ ಗೊತ್ತಿರಲಿಲ್ಲ. ಜಾರಿದ ಸೆರಗಿನ ಕೆಳಗಿನ ತಲೆ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿದರು. ಸಭೆಯ ಮೌನಕ್ಕಿಂತ ಆ ಒಂದು ಹೆಜ್ಜೆ ನನಗೆ ಹೆಚ್ಚು ಚುಚ್ಚಿತು.

ಯಾರೋ ವಿಡಿಯೋ ಮಾಡಿದ್ದರು. ಅದು ಗುಂಪಿನಿಂದ ಗುಂಪಿಗೆ ಹರಿದು, ನನ್ನ ಗಂಡನ ಆಫೀಸಿನವರ ಗುಂಪಿಗೂ ಬಂತು. ಅವರು ಆ ಗುಂಪಿನಿಂದ ಹೊರಬಂದು, ನೀನು ಫೋನ್ ನೋಡಬೇಡ ಎಂದರು. ನೋಡದೆ ಇರಲಾಗಲಿಲ್ಲ. ನಕ್ಕವರಿದ್ದರು. ನಗುವವರಿಗಿಂತ ಕರುಣೆ ತೋರಿಸುವವರು ಹೆಚ್ಚಿದ್ದರು. ಎಲ್ಲರೂ ಕ್ಯಾನ್ಸರ್ ಎಂದೇ ತೀರ್ಮಾನಿಸಿದ್ದರು. ದೂರದ ನೆಂಟರೊಬ್ಬರು ಫೋನ್ ಮಾಡಿ ಡಾಕ್ಟರು ಎಷ್ಟು ದಿನ ಹೇಳಿದ್ದಾರೆ ಎಂದು ಕೇಳಿದರು. ಆಮೇಲೆ ಫೋನು ಮೇಜಿನ ಮೇಲೆ ಸದ್ದಿಲ್ಲದೆ ನಡುಗಿದರೂ ಅದನ್ನು ಮಗುಚಿ ಹಾಕುತ್ತಿದ್ದೆ. ಹಾಲು ತರಲೂ ಹೊರಗೆ ಹೋಗುವುದನ್ನು ಬಿಟ್ಟೆ. ಎದುರು ಮನೆಯ ಕಿಟಕಿ ತೆರೆದರೆ ನಮ್ಮ ಕಿಟಕಿ ಮುಚ್ಚುತ್ತಿದ್ದೆ.

ಒಂದು ಬೆಳಗ್ಗೆ ಅತ್ತೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡ ಹಣೆಯಲ್ಲೇ ನನ್ನ ಕೋಣೆಗೆ ಬಂದರು.

"ನಂಜನಗೂಡ್ಗೆ ಓಗಿ ಮುಡಿ ಕೊಟ್ಬುಡವ್ವ," ಎಂದರು. "ದೇವ್ರಿಗೆ ಕೊಟ್ಟಿವ್ನಿ ಅಂದ್ರೆ ಯಾರೂ ಬಾಯಿ ಬುಡಾಕಿಲ್ಲ. ಕೈ ಮುಗಿತಾರೆ."

ಅದು ನನಗೆ ಒಳ್ಳೆಯ ಉಪಾಯವಾಗಿಯೇ ಕಂಡಿತು. ತಲೆಯ ಮೇಲೆ ಅಲ್ಲಲ್ಲಿ ಉಳಿದಿದ್ದ ಕೂದಲು ಪೂರ್ತಿ ಬೋಳಿಗಿಂತ ಅಸಹ್ಯವಾಗಿತ್ತು. ಕಪಿಲೆಯ ದಂಡೆಯಲ್ಲಿ ಕುಳಿತು ಅದನ್ನೂ ತೆಗೆಸಿದೆ. ಕ್ಷೌರದವರು ಏನೂ ಕೇಳಲಿಲ್ಲ. ಕತ್ತಿ ನೆತ್ತಿಯ ಮೇಲೆ ಓಡುವಾಗ ನಾನು ಅಳಲಿಲ್ಲ. ಮೆಟ್ಟಿಲ ಮೇಲೆ ಕುಳಿತಿದ್ದ ಅತ್ತೆ ಅಳುತ್ತಿದ್ದರು. ಸ್ನಾನ, ದರ್ಶನ ಮುಗಿಸಿ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತ ಮೇಲೆ ಅತ್ತಿದ್ದೇಕೆ ಎಂದು ಕೇಳಿದೆ.

"ನಂಗೂ ಎದ್ರಿಕೆ ಕಣವ್ವ," ಎಂದರು ಕಿಟಕಿಯ ಹೊರಗೆ ನೋಡುತ್ತ. "ಮುತ್ತೈದೆ ತಲೆ ಇಂಗಾದ್ರೆ ಮನೆ ಗಂಡ್ಸಿಗೆ ಒಳ್ಳೇದಲ್ಲ ಅಂತ ನಮ್ಮವ್ವ ಏಳೋಳು. ಅವತ್ತು ಬಾಗ್ಲಲ್ಲಿ ನಿನ್ನ ನೋಡ್ದಾಗಿಂದ ದಿನಾ ನನ್ಮಗ ಮನೆಗೆ ಬರೋವರ್ಗೂ ನಂಗೆ ಜೀವ ಇರಾಕಿಲ್ಲ."

ಆ ಮಾತಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಇಷ್ಟು ದಿನ ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಂದೇ ತಲೆಗೆ ಹೆದರಿಕೊಂಡು, ಒಬ್ಬರಿಗೊಬ್ಬರು ಹೇಳದೆ ಬದುಕಿದ್ದೆವು. ಡಾಕ್ಟರು ಹೇಳಿದ್ದನ್ನೆಲ್ಲ ನಂಜನಗೂಡಿನಿಂದ ಮೈಸೂರಿನವರೆಗೂ ಅವರಿಗೆ ಬಿಡಿಸಿ ಹೇಳಿದೆ. ಎಷ್ಟು ಒಪ್ಪಿದರೋ ಗೊತ್ತಿಲ್ಲ. ಆದರೆ ಬಸ್ಸು ಇಳಿಯುವಾಗ ನನ್ನ ಕೈ ಹಿಡಿದುಕೊಂಡರು.

ಆ ವಾರವೇ ಕಡಕೊಳದ ಒಂದು ಕಾರ್ಖಾನೆಯಿಂದ ಫೋನು ಬಂತು. ಅಲ್ಲಿ ಮಹಿಳಾ ದಿನಾಚರಣೆಗೆ ಮೊದಲೇ ನನ್ನನ್ನು ಒಪ್ಪಿಸಿದ್ದರು. ಸಿಬ್ಬಂದಿ ವಿಭಾಗದ ಅಧಿಕಾರಿ ಒಬ್ಬ ಹೆಂಗಸು. ವಿಡಿಯೋ ನೋಡಿದ್ದರೆಂದು ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. ಬರ್ತೀರಲ್ಲ ಮೇಡಂ ಎಂದು ಮೆತ್ತಗೆ ಕೇಳಿದರು. ನಂಜನಗೂಡಿಗೆ ಮುಡಿ ಕೊಟ್ಟಿದ್ದೇನೆ, ಪರವಾಗಿಲ್ಲವೇ ಎಂದೆ. ಅಯ್ಯೋ ಅದಕ್ಕೇನು, ದೇವರ ಕೆಲಸ ಎಂದರು. ಆ ಅರ್ಧ ಸುಳ್ಳು ಎಷ್ಟು ಸಲೀಸಾಗಿ ನಡೆಯಿತೆಂದರೆ ನನಗೇ ಆಶ್ಚರ್ಯವಾಯಿತು.

ಅಲ್ಲಿ ಹೋದಾಗಲೂ ಅದು ನಡೆಯಿತು. ಊಟದ ಕೋಣೆಯನ್ನೇ ಸಭಾಂಗಣ ಮಾಡಿದ್ದರು. ವಯಸ್ಸಾದ ಕೆಲಸಗಾರ್ತಿಯೊಬ್ಬರು ನನ್ನ ಬೋಳು ತಲೆ ನೋಡಿ ಹತ್ತಿರ ಬಂದು ಕೈಮುಗಿದರು. ಹರಕೆ ಈಡೇರಿತಾ ಎಂದು ಕೇಳಿ, ತಮ್ಮ ಮಗಳಿಗೂ ಮಕ್ಕಳಾಗಲಿ ಎಂದು ಬೇಡಿಕೊಳ್ಳಿ ಎಂದರು. ಆಗ ನನಗೆ ಹೊಸದೊಂದು ಭಯ ಹುಟ್ಟಿತು. ಮುಡಿ ಕೊಟ್ಟವರ ಕೂದಲು ಕೆಲವು ತಿಂಗಳಲ್ಲಿ ಬರುತ್ತದೆ. ನನ್ನದು ಬರದಿದ್ದರೆ? ಆಗ ಯಾವ ದೇವರ ಹೆಸರು ಹೇಳಲಿ? ವಿಗ್ ಬಿಟ್ಟು ದೇವರನ್ನು ತಲೆಗೆ ಹಾಕಿಕೊಂಡಿದ್ದೆ, ಅದು ಜಾರುವುದನ್ನೂ ನಾನೇ ಕಾಯಬೇಕಿತ್ತು.

ವೇದಿಕೆಗೆ ಕರೆದರು. ಮೈಕು ಹಿಡಿದೆ. ಸ್ವಾಗತದ ಮಾತು ಬಾಯಿಗೆ ಬರಲಿಲ್ಲ.

"ಇದು ಹರಕೆಗೆ ಕೊಟ್ಟ ಮುಡಿಯಲ್ಲ," ಎಂದೆ. "ನನಗೆ ಕೂದಲು ಉದುರುವ ಕಾಯಿಲೆ ಇದೆ. ಕ್ಯಾನ್ಸರ್ ಅಲ್ಲ. ಅಂಟುವುದಿಲ್ಲ. ವಾಪಸ್ ಬರುತ್ತೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ನಿಮ್ಮ ಮುಂದೆ ಹೀಗೆ ನಿಲ್ಲೋಕೆ ನನಗೆ ತುಂಬಾ ಭಯ ಆಗ್ತಿದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೈಮುಗಿದಿದ್ದ ಆ ಹಿರಿಯರು ಮುಖ ತಗ್ಗಿಸಿದರು. ನಾನು ನೀರು ಕುಡಿದೆ, ಚೀಟಿ ತೆಗೆದು ಪ್ರಾರ್ಥನೆಗೆ ಹುಡುಗಿಯರನ್ನು ಕರೆದೆ. ಕಾರ್ಯಕ್ರಮ ಎಂದಿನಂತೆ ನಡೆದು ಮುಗಿಯಿತು. ಊಟಕ್ಕೆ ಕುಳಿತಾಗ ನನ್ನ ಒಂದು ಪಕ್ಕದ ಕುರ್ಚಿ ಖಾಲಿಯೇ ಉಳಿಯಿತು. ಇನ್ನೊಂದು ಪಕ್ಕಕ್ಕೆ ಬಂದು ಕುಳಿತ ಹುಡುಗಿ, ಬಾಚಣಿಗೆಯಿಂದ ಬರುತ್ತದೆಯೇ ಎಂದು ಮೊದಲು ಕೇಳಿದಳು. ಇಲ್ಲ ಎಂದ ಮೇಲೆ ತನ್ನ ಕತ್ತಿನ ಸುಟ್ಟ ಗಾಯದ ಗುರುತಿನ ಬಗ್ಗೆ ಮಾತಾಡತೊಡಗಿದಳು. ಅದಕ್ಕಾಗಿ ಎಷ್ಟೇ ಸೆಖೆಯಿದ್ದರೂ ಅವಳು ಮೇಲಿನ ಗುಂಡಿ ಬಿಚ್ಚುವುದಿಲ್ಲವಂತೆ. ಹೊರಡುವಾಗಲೂ ಅವಳ ಗುಂಡಿ ಹಾಕಿಯೇ ಇತ್ತು. ನಾನು ಏನೂ ಉಪದೇಶ ಮಾಡಲಿಲ್ಲ. ಉಪದೇಶ ಮಾಡುವಷ್ಟು ಧೈರ್ಯ ನನ್ನಲ್ಲೂ ಇರಲಿಲ್ಲ.

ಅದಾದ ಮೇಲೆ ಮದುವೆಯ ಮನೆಯವರು ನನ್ನನ್ನು ಕರೆಯುವುದು ಬಹುತೇಕ ನಿಂತುಹೋಯಿತು. ಕಾರಣ ಯಾರೂ ಹೇಳುವುದಿಲ್ಲ, ದಿನಾಂಕ ಬದಲಾಯಿತು ಎನ್ನುತ್ತಾರೆ. ಶಾಲೆಗಳು, ಬ್ಯಾಂಕುಗಳು, ಕಾಲೇಜುಗಳು ಕರೆಯುತ್ತವೆ. ಕೆಲವು ಕಡೆ ಧೈರ್ಯದ ಬಗ್ಗೆಯೇ ಭಾಷಣ ಮಾಡಿ ಎನ್ನುತ್ತಾರೆ. ಅಂಥವಕ್ಕೆ ಹೋಗುವುದಿಲ್ಲ, ನಿರೂಪಣೆಯಿದ್ದರೆ ಮಾತ್ರ ಹೋಗುತ್ತೇನೆ. ನಡುವೆ ಒಮ್ಮೆ ನೆತ್ತಿಯ ಮೇಲೆ ಬಿಳಿ ನವಿರು ಕೂದಲು ಮೂಡಿತು. ಅತ್ತೆ ದಿನವೂ ಬೆಳಕಿಗೆ ತಿರುಗಿಸಿ ನೋಡಿ ಖುಷಿಪಟ್ಟರು. ಅದೂ ಉದುರಿತು.

ಈಗ ಭಯ ಹೋಗಿದೆಯೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಪ್ರತಿ ಸಲವೂ ವೇದಿಕೆಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಎಡಗೈ ತಾನಾಗಿ ಕಿವಿಯ ಹಿಂದಕ್ಕೆ ಹೋಗುತ್ತದೆ. ಯಾರಾದರೂ ಫೋನು ಎತ್ತಿ ಹಿಡಿದರೆ ನನ್ನ ವಾಕ್ಯ ಅರ್ಧಕ್ಕೆ ತಡವರಿಸುತ್ತದೆ. ಆದರೂ ಸಭಿಕರ ಮುಖ ನೋಡಿ ಮಾತಾಡುವುದು ಮತ್ತೆ ಸಾಧ್ಯವಾಗಿದೆ. ಅವರ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ, ಆಮೇಲೆ ಮುಖಕ್ಕೆ ಇಳಿಯುತ್ತದೆ. ಅದು ಇಳಿಯುವವರೆಗೆ ಕಾಯುವುದನ್ನು ಕಲಿತಿದ್ದೇನೆ.

ಮೊನ್ನೆ ಮುಖ ತೊಳೆಯುವಾಗ ಟವೆಲಿನಲ್ಲಿ ಹುಬ್ಬಿನ ಕೂದಲು ಕಂಡವು. ಕನ್ನಡಿ ನೋಡಿದರೆ ಬಲಹುಬ್ಬಿನ ತುದಿ ಇರಲಿಲ್ಲ. ಆಮೇಲೆ ಟವೆಲನ್ನು ಹಾಗೆಯೇ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಕಾಫಿ ಕುಡಿಯುತ್ತಿದ್ದ ಗಂಡನಿಗೂ ಅತ್ತೆಗೂ ತೋರಿಸಿದೆ. ಅತ್ತೆ ಟವೆಲು ಇಸಿದುಕೊಂಡು ಬಕೆಟ್ಟಿಗೆ ಹಾಕಿ, ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ಆಮೇಲೆ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ಹುಬ್ಬು ನೋಡಿದರು.