ಸಾಣಿಗಿಯೊಳಗೆ ಕೂಡಿಸಿದ ಮೂರು ಬಣ್ಣ

ಗಿರಣಿಯ ಪಟ್ಟಾ ಬೆಲ್ಟಿನ ಹೊಲಿಗೆ ಗಾಲಿಯ ಮೇಲೆ ಬಂದಾಗಲೆಲ್ಲ ‘ಟಪ್’ ಎನ್ನುತ್ತದೆ. ಪಟ್ಟಾ ಒಂದು ಸುತ್ತು ತಿರುಗುತ್ತದೆ, ಮತ್ತೆ ‘ಟಪ್’. ಹಳಿಯಾಳದ ಪೇಟೆಯಿಂದ ತುಸು ಒಳಗೆ, ಮುದಕಪ್ಪನ ಹಿಟ್ಟಿನ ಗಿರಣಿ ಇರುವ ಓಣಿಯಲ್ಲಿ ಬೆಳಗಾಗುವುದು ಈ ಸದ್ದಿನಿಂದ. ಹೊಸದಾಗಿ ಬಾಡಿಗೆಗೆ ಬಂದವರು ಎರಡು ದಿನ ಕಿವಿ ಮುಚ್ಚಿಕೊಳ್ಳುತ್ತಾರೆ. ಹಳಬರಿಗೆ ಸದ್ದು ನಿಂತರೇ ತೊಂದರೆ. ಕರೆಂಟು ಹೋಯಿತೇನೋ ಎಂದು ಬಾಗಿಲಿಗೆ ಬಂದು ನೋಡುತ್ತಾರೆ.

ಮುದಕಪ್ಪನ ಹೆಂಡತಿ ತಾಯವ್ವ ಗಿರಣಿಗೆ ಅಂಟಿಕೊಂಡ ಕೋಣೆಯಲ್ಲಿ ಕುಳಿತು ಕಾಗದ ಸುತ್ತುತ್ತಾಳೆ. ಹಳೆಯ ಕ್ಯಾಲೆಂಡರು, ಲಗ್ನಪತ್ರಿಕೆ, ಸಿಮೆಂಟಿನ ಚೀಲದ ಒಳಗಿನ ಕಾಗದ, ಯಾವುದಾದರೂ ಸರಿ. ಉದ್ದಕ್ಕೆ ಸೀಳಿ, ಊದಿನಕಡ್ಡಿಯ ಮೇಲೆ ಬಿಗಿಯಾಗಿ ಸುತ್ತಿ, ತುದಿಗೆ ಖಳಿ ಸವರಿ, ಕಡ್ಡಿ ಎಳೆದುಕೊಂಡರೆ ಒಂದು ಸಣ್ಣ ಕೊಳವೆ. ಖಳಿಗೆ ಬೇಕಾದ ಹಿಟ್ಟು ಗಿರಣಿಯಲ್ಲೇ ಸಿಗುತ್ತದೆ. ಕಲ್ಲಿನ ಸುತ್ತ ನೆಲಕ್ಕೆ ಬಿದ್ದದ್ದನ್ನು ಯಾರೂ ರೊಟ್ಟಿಗೆ ಒಯ್ಯುವುದಿಲ್ಲ. ತಾಯವ್ವ ಅದನ್ನು ಗುಡಿಸಿ, ಸೋಸಿ, ಬೇವಿನೆಲೆ ಕುದಿಸಿದ ನೀರಿನಲ್ಲಿ ತಿರುವಿ ಗಟ್ಟಿ ಅಂಟು ಮಾಡಿಕೊಳ್ಳುತ್ತಾಳೆ. ಬೇವಿನ ಕಹಿಗೆ ಹುಳ ಹತ್ತುವುದಿಲ್ಲ.

ಈ ಕೆಲಸ ಅವಳಿಗೆ ತವರಿನಿಂದ ಬಂದದ್ದು. ಮುಂಡಗೋಡದ ಕಡೆಯ ಹಳ್ಳಿಯ ಸಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ದಾರಕ್ಕೆ ಬಣ್ಣದ ಕಾಗದ ಅಂಟಿಸಿ ಪರಪರಿ ಕಟ್ಟುತ್ತಿದ್ದರು. ಅವಳ ಅಣ್ಣ ಮಹಾಂತಪ್ಪ ಕತ್ತರಿಸುವವನು, ಅವಳು ಅಂಟಿಸುವವಳು. ಒಂದು ಕಾಗದ ಸೊಟ್ಟಗಾದರೂ ಅಣ್ಣ ಇಡೀ ದಾರವನ್ನು ಬಿಚ್ಚಿಸುತ್ತಿದ್ದ. ಆಮೇಲೆ ಅವನು ಮಿಲಿಟರಿಗೆ ಹೋದ, ಅವಳು ಗಿರಣಿಯ ಮನೆಗೆ ಬಂದಳು. ಏಳನೆಯ ಇಯತ್ತೆ ಓದಿದ್ದರ ಜೊತೆಗೆ ಅವಳು ಗಂಡನ ಮನೆಗೆ ತಂದದ್ದು ಆ ಅಂಟಿಸುವ ಕೈಯನ್ನು.

ಮೊದಮೊದಲು ತನ್ನ ಬಾಗಿಲಿಗಷ್ಟೇ ಮಾಡಿದಳು. ಓಣಿಯವರು ನೋಡಿ ಕೇಳಿದರು. ಈಗ ಸ್ವಾತಂತ್ರ್ಯದ ದಿನ ಬಂತೆಂದರೆ ಎರಡೂ ಸಾಲಿನ ಮನೆಗಳ ಪಡಸಾಲೆಯಲ್ಲಿ ಅವಳ ಕೈಯದೇ ಒಂದೊಂದು ಗುಂಡನೆಯ ಅಲಂಕಾರ ಕಾಣುತ್ತದೆ. ಮೇಲೆ ಅರಿಷಿಣದಲ್ಲಿ ಅದ್ದಿ, ಚಿಟಿಕೆ ಕುಂಕುಮ ಬೆರೆಸಿ ಕೇಸರಿಗೆ ತಂದ ಕಾಗದದ ಕೊಳವೆಗಳು. ನಡುವೆ ಬಿಳಿ ಹಾಳೆ, ಅರಳೆ. ಕೆಳಗೆ ಒಡೆದ ಹಸಿರು ಬಳೆಯ ಚೂರು. ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದ ಕಾಗದದಿಂದ ಚಕ್ರ. ಅದು ಧ್ವಜ ಅಲ್ಲ, ಧ್ವಜದ ಬಣ್ಣ ಅಷ್ಟೇ ಎಂದು ಅವಳು ಕೊಡುವಾಗ ಒಮ್ಮೆ ಹೇಳಿಯೇ ಕೊಡುತ್ತಾಳೆ. ಅದು ಅಣ್ಣನ ಮಾತು. ರಜೆಗೆ ಬಂದಾಗ ಅವನು ಗಟಾರದ ಬದಿಗೆ ಬಿದ್ದ ಪ್ಲಾಸ್ಟಿಕ್ ಧ್ವಜವೊಂದನ್ನು ಎತ್ತಿ, ಮನೆಗೆ ತಂದು, ತೊಳೆದು, ಒರೆಸಿ, ಮಡಿಚಿ ಟ್ರಂಕಿನಲ್ಲಿಟ್ಟದ್ದನ್ನು ಅವಳು ನೋಡಿದ್ದಳು.

ಈ ಬೇಸಿಗೆಯಲ್ಲಿ ಮಹಾಂತಪ್ಪ ನಿವೃತ್ತನಾಗಿ ಊರಿಗೆ ಬಂದು ಮನೆ ಕಟ್ಟಿಸಿದ. ಗೃಹಪ್ರವೇಶದ ದಿನ ಪಡಸಾಲೆಯ ಒಂದು ಗೋಡೆ ಬರಿದಾಗಿತ್ತು. ಉಡುಗೊರೆ ಬಂದ ಗಡಿಯಾರ, ದೇವರ ಫೋಟೋ, ಹುಬ್ಬಳ್ಳಿಯಿಂದ ತಂದ ಚೌಕಟ್ಟು, ಯಾವುದನ್ನೂ ಅವನು ಅಲ್ಲಿಗೆ ಏರಿಸಲು ಬಿಡಲಿಲ್ಲ. ಅವನ ಹೆಂಡತಿ, ವೈನಿ ಲಕ್ಷ್ಮೀದೇವಿ, ತಾಯವ್ವನ ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದಳು.

“ನೋಡ ತಾಯವ್ವ, ನಿಮ್ಮಣ್ಣ ಇದನ್ನ ನಿನಗಂತ ಬಿಟ್ಟಾನ. ನನ್ನ ಟಿವಿ ನೆಲದ ಮ್ಯಾಲ ಕುಂತೈತಿ. ಪಂಚಮಿ ತನಕಾ ಕಾಯ್ತೇನಿ. ಅಷ್ಟರಾಗ ನಿಂದು ಬರಲಿಲ್ಲಂದ್ರ ನಂದು ಏರತೈತಿ.”

ನಗುತ್ತಲೇ ಹೇಳಿದಳು. ಆದರೆ ವೈನಿ ನಗುತ್ತ ಹೇಳಿದ್ದನ್ನೂ ಮಾಡುವವಳು ಎಂದು ತಾಯವ್ವನಿಗೆ ಗೊತ್ತಿತ್ತು. ಇಷ್ಟು ವರ್ಷ ಅಣ್ಣ ಯಾವುದೋ ಗಡಿಯಲ್ಲಿದ್ದ. ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆಯಲು ಬರುತ್ತಿದ್ದವರು ಬೇರೆ ಯಾರೋ. ಈ ಸಲ ಅವನೇ ಬರುವವನಿದ್ದ. ಅಣ್ಣನ ಮನೆಯಲ್ಲಿ ತನ್ನದೆಂದು ಒಂದು ಗೋಡೆ ಇದೆ ಎನ್ನುವುದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ. ರೊಟ್ಟಿ ಬಡಿಯುವಾಗ ಮಾತ್ರ ನೆನೆದು, ಎದುರಿನ ಗೋಡೆಯನ್ನೇ ನೋಡುತ್ತ ಕೂಡುತ್ತಿದ್ದಳು.

ಪಂಚಮಿ ಈ ವರ್ಷ ಸ್ವಾತಂತ್ರ್ಯದ ದಿನದ ಬೆನ್ನಿಗೇ ಬಂದಿತ್ತು. ಗಿರಣಿಯಲ್ಲಿ ಹಿಟ್ಟು ಸೋಸುವ, ಜಾಳಿಗೆ ಹರಿದು ಮೂಲೆಗೆ ಬಿದ್ದ ದೊಡ್ಡ ಸಾಣಿಗಿ ಒಂದಿತ್ತು. ಅದರ ಕಟ್ಟಿಗೆಯ ಬಳೆ ಇನ್ನೂ ಗಟ್ಟಿ. ಅದನ್ನು ತೊಳೆದು, ಒಳಗೆ ರಟ್ಟು ಕೂಡಿಸಿ ಕೆಲಸ ಶುರುಮಾಡಿದಳು. ಚಕ್ರದ ಇಪ್ಪತ್ನಾಲ್ಕು ಅರೆಗಳಿಗೆ ಊದಿನಕಡ್ಡಿ ಆರಿಸುತ್ತಿದ್ದಾಗ ಮುದಕಪ್ಪ ಹಿಟ್ಟು ಮೆತ್ತಿದ ಮೀಸೆಯೊಡನೆ ಬಾಗಿಲಿಗೆ ಬಂದ.

“ಕಡ್ಡಿ ಸಾಲ್ಲಿಲ್ಲಂದ್ರ ಕಸಬರಗಿ ಐತಿ ನೋಡ.”

“ಕಸಬರಗಿ ಕಡ್ಡಿ ಹಚ್ಚಿದ್ರ ನಮ್ಮಣ್ಣ ನನ್ನ ಬಿಡ್ತಾನೇನ್ರಿ?”

“ತಂಗಿ ಅಂತ ನಿನ್ನ ಬಿಡ್ತಾನ. ನನ್ನ ಕೋರ್ಟ ಮಾರ್ಷಲ್ ಮಾಡ್ತಾನ. ಕಸಬರಗಿ ನಂದಲ್ಲ?”

ಸೊಸೆ ಸುಮಿತಾ ಒಳಗಿನಿಂದ ನಕ್ಕದ್ದು ಕೇಳಿಸಿತು.

ಬಿಳಿಯ ಪಟ್ಟಿಗೆ ಬಂದಾಗ ತಾಯವ್ವನ ಕೈ ನಿಂತಿತು. ಪ್ರತಿ ಸಲದ ಅರಳೆ ಈ ಸಲ ಸಾಲದು ಅನ್ನಿಸಿತು. ದೇವರ ಜಗುಲಿಯ ಮೇಲಿನ ಡಬ್ಬಿಯಲ್ಲಿ ವಿಭೂತಿಯ ಒಡೆದ ಚೂರುಗಳಿದ್ದವು. ಒಡೆದ ವಿಭೂತಿಯನ್ನು ಕಸಕ್ಕೆ ಹಾಕುವಂತಿಲ್ಲ, ಕಾಲಿಗೆ ಸಿಗುವಂತೆ ಚೆಲ್ಲುವಂತಿಲ್ಲ. ಅತ್ತೆಯ ಕಾಲದಿಂದ ಅವು ಆ ಡಬ್ಬಿಯಲ್ಲೇ ಕೂಡುತ್ತ ಬಂದಿದ್ದವು. ಹಣೆಗೆ ಹಚ್ಚುವ ಬಿಳುಪಿಗಿಂತ ಒಳ್ಳೆಯ ಬಿಳುಪು ಯಾವುದು? ತಾಯವ್ವ ಕೈಕಾಲು ತೊಳೆದುಕೊಂಡು ಬಂದು, ಚೂರುಗಳನ್ನು ನುಣ್ಣಗೆ ಅರೆದು, ತೆಳ್ಳಗಿನ ಖಳಿಯಲ್ಲಿ ಕಲಸಿ ಕಾಗದದ ಕೊಳವೆಗಳಿಗೆ ಬಳಿದಳು. ಹಾಲಿನಂಥ ಬಿಳಿ ಅಲ್ಲ, ಬೂದಿಯ ಛಾಯೆಯ ತಣ್ಣನೆಯ ಬಿಳಿ. ಅವಳಿಗೆ ಬಹಳ ಹಿಡಿಸಿತು.

ಹದಿನಾಲ್ಕರ ಮಧ್ಯಾಹ್ನ ಮೂರೂ ಪಟ್ಟಿಗಳನ್ನು ಕೂಡಿಸಿದಳು. ಹೊರಗೆ ಜಿಟಿಜಿಟಿ ಮಳೆ. ಕೇಸರಿಯ ಕೊಳವೆಗಳು ಇನ್ನೂ ಹಸಿ, ಬಿಳಿಯವೂ ಹಸಿ. ಎದ್ದು ಬರದಿರಲೆಂದು ಮೇಲೊಂದು ಬಟ್ಟೆ ಹಾಸಿ, ರೊಟ್ಟಿಯ ಹಲಗೆ ಹೇರಿ, ಮೋಟರಿನ ಬಿಸಿ ತಾಗುವ ಗೋಡೆಯ ಪಕ್ಕ ಇಟ್ಟು ಅಡುಗೆಗೆ ಎದ್ದಳು.

ಬೆಳಿಗ್ಗೆ ಹಲಗೆ ಎತ್ತಿದಾಗ ಕೇಸರಿ ಮತ್ತು ಬಿಳಿಯ ನಡುವೆ ಕೆಂಪು ಓಡಿತ್ತು. ಗೆರೆಯಂತೆ ನೇರವಾಗಿ ಅಲ್ಲ. ಎಲ್ಲಿ ಹಸಿ ಹೆಚ್ಚಿತ್ತೋ ಅಲ್ಲಿ ಅಗಲವಾಗಿ, ಕೊಳವೆಯಿಂದ ಕೊಳವೆಗೆ ಹರಿದು.

ಸುಮಿತಾ ಹತ್ತಿರ ಬಂದು ಬಗ್ಗಿ ನೋಡಿದಳು. “ಇದು ಆರತಿ ನೀರಿನ ಬಣ್ಣ ಅಲ್ಲೇನ್ರಿ ಅತ್ತಿ?”

ತಾಯವ್ವನಿಗೆ ಆಗ ಹೊಳೆಯಿತು. ಅರಿಷಿಣದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಎಷ್ಟೋ ಮದುಮಕ್ಕಳಿಗೆ ಅಂಥ ಆರತಿ ಕಲಸಿ ಎತ್ತಿದ್ದಳು. ಬೂದಿಯೂ ಅದೇ ಕೆಲಸ ಮಾಡುತ್ತದೆ ಎನ್ನುವುದೂ ಯೋಚಿಸಿದ್ದರೆ ತಿಳಿಯುತ್ತಿತ್ತು. ಆದರೆ ವಿಭೂತಿಯನ್ನು ಅವಳು ಎಂದೂ ಬೂದಿ ಎಂದು ನೋಡಿದ್ದಿಲ್ಲ. ಅದು ವಿಭೂತಿ.

“ಮ್ಯಾಲ ಒಂದ ಬಿಳಿ ಹಾಳಿ ಅಂಟಿಸಿ ಮುಚ್ಚೂಣ್ರಿ,” ಎಂದಳು ಸುಮಿತಾ.

“ಮತ್ತ ಖಳಿ ಹಚ್ಚಬೇಕಲ್ಲವಾ. ಹಸಿ ಆದ್ರ ಮತ್ತ ಅದು ಮ್ಯಾಲ ಬರತೈತಿ.”

“ಎದುರಿನ ಮನೀದ ಇಳಿಸಿ ಒಯ್ಯಿ,” ಎಂದ ಮುದಕಪ್ಪ. “ಎಲ್ಲಾ ನಿಂದ ಕೈಯಾಂದಽ ಅಲ್ಲೇನು?”

“ಅದು ಅವರ ಮನೀದ್ರಿ.”

ಅವನು ಗಿರಣಿಗೆ ಹೋದ. ತಾಯವ್ವ ಅದನ್ನು ಎಲ್ಲೂ ಬಚ್ಚಿಡಲಿಲ್ಲ. ಪಡಸಾಲೆಯ ಮಂಚದ ಮೇಲೆ, ಬಾಗಿಲ ಬೆಳಕು ಬೀಳುವ ಕಡೆ ಇಟ್ಟು, ತವರಿಗೆ ಒಯ್ಯುವ ಉಂಡಿಯನ್ನು ಡಬ್ಬಿಗೆ ತುಂಬತೊಡಗಿದಳು. ಒಂದು ಉಂಡಿ ಕೈಯಲ್ಲೇ ಒಡೆಯಿತು.

ಊರಿನ ಸಾಲೆಯಲ್ಲಿ ಧ್ವಜ ಏರಿಸಿ ಮುಗಿಸಿಕೊಂಡು ಮಹಾಂತಪ್ಪ ಬಾಡಿಗೆ ಕಾರಿನಲ್ಲಿ ಬಂದಾಗ ಮಳೆ ಬಿಟ್ಟಿತ್ತು. ಇಸ್ತ್ರಿಯ ಬಿಳಿ ಅಂಗಿ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ನೀರು ಕುಡಿದ, ಮುದಕಪ್ಪನನ್ನು ಮಾತಾಡಿಸಿದ, ಆಮೇಲೆ ಮಂಚದ ಮುಂದೆ ನಿಂತ. ಕೂಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಮೇಲಿನಿಂದ ಕೆಳಗೆ ನೋಡುತ್ತ ಬಂದ. ಬಳೆಯ ಚೂರಿನ ಹಸಿರಿನ ಮೇಲೆ ಬೆರಳಾಡಿಸಿದ. ಚಕ್ರದ ಅರೆಗಳನ್ನು ತುಟಿಯಲ್ಲೇ ಎಣಿಸಿ ತಲೆಯಾಡಿಸಿದ. ಕೆಂಪಿನ ಹತ್ತಿರ ಬೆರಳು ನಿಂತಿತು.

“ಇದೆಲ್ಲಿಂದ ಬಂತವಾ?”

“ಇಬತ್ತಿ ಅರದ ಹಚ್ಚಿದ್ದೆ, ಬಿಳೀದಕ್ಕ. ಅರಿಷಿಣಕ್ಕ ತಾಗಿ ಹಿಂಗಾತು.”

“ಮನ್ಯಾಗ ಬ್ಯಾರೆ ಬಿಳೀದು ಇರಲಿಲ್ಲ ಅಂತ ತಿಳಕೋಬ್ಯಾಡ್ರಿ,” ಎಂದ ಮುದಕಪ್ಪ. “ನನ್ನ ಮೀಸಿ ಇತ್ತು.”

ಮಹಾಂತಪ್ಪ ನಗಲಿಲ್ಲ. ನೆಲದ ಕಡೆ ನೋಡುತ್ತ ಹೇಳಿದ: “ಕೈ ಕೆಲಸ ಭಾಳ ಚಂದ ಐತಿ. ಆದ್ರ ಮೂರ ಬಣ್ಣ ಅಂದ್ರ ಮೂರ ಇರಬೇಕ ತಾಯಿ. ನಡುವ ನಾಕನೇದ್ದು ಬಂತಂದ್ರ ನನ್ನ ಕೈಲೆ ಗ್ವಾಡಿಗೆ ಏರಿಸೂದು ಆಗೂದಿಲ್ಲ. ಮುಂದಿನ ವರ್ಷ ಮಾಡಿಕೊಡ, ನಾ ಕಾಯ್ತೇನಿ.”

ಅವನು ಕಾಯುತ್ತಾನೆ. ವೈನಿ ಕಾಯುವುದಿಲ್ಲ. ಮೊಳೆ ಒಮ್ಮೆ ಹೊಡೆದು ಟಿವಿ ಏರಿತೆಂದರೆ ಅದನ್ನು ಇಳಿಸುವವರು ಯಾರೂ ಇಲ್ಲ. ಕಾಗದ ಸೊಟ್ಟಗಾಯಿತೆಂದು ಇಡೀ ದಾರ ಬಿಚ್ಚಿಸುತ್ತಿದ್ದ ಹುಡುಗನೇ ನರೆತ ತಲೆಯೊಡನೆ ಎದುರು ನಿಂತಂತಿತ್ತು.

ತಾಯವ್ವ ಮಂಚದ ತುದಿಗೆ ಕುಳಿತು ಸಾಣಿಗಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೆಂಪು ಹತ್ತಿದ ಮೊದಲ ಕೊಳವೆಯ ತುದಿಗೆ ಉಗುರು ಹಾಕಿ ಎಬ್ಬಿಸಿದಳು. ಈಗ ಒಣಗಿತ್ತು. ಚರ್ ಎಂದು ಬಿಟ್ಟು ಬಂತು. ಆಮೇಲೆ ಅದರ ಪಕ್ಕದ್ದು.

“ಅತ್ತಿ, ಎಲ್ಲಾ ಹರೀತೈತಿ ನೋಡ್ರಿ,” ಎಂದಳು ಸುಮಿತಾ.

“ಹರಿಯೂದಿಲ್ಲ.”

ಈ ತುದಿಯಿಂದ ಆ ತುದಿಗೆ ಕೆಂಪಾದದ್ದನ್ನೆಲ್ಲ ಕಿತ್ತಾಗ ಕೇಸರಿ ಮತ್ತು ಬಿಳಿಯ ನಡುವೆ ರಟ್ಟಿನ ಕಂದು ನೆಲ ಕಂಡಿತು, ಹೊಲದ ನಡುವೆ ನಡೆದು ನಡೆದು ಬಿದ್ದ ಕಾಲುದಾರಿಯಂತೆ. ತಾಯವ್ವ ಸಾಣಿಗಿಯನ್ನು ಅಣ್ಣನ ಕಡೆ ಹಿಡಿದಳು.

“ಈಗೆಷ್ಟ ಬಣ್ಣ ಅದಾವ ನೋಡ.”

“ಮೂರ.”

“ನಡುವಿಂದು?”

“ಅದು ಬರೇ ರಟ್ಟು.”

“ಬರೇ ರಟ್ಟಿಗೂ ನಿಮ್ಮ ಮಿಲಿಟರ್‍ಯಾಗ ಕಾಯ್ದೆ ಐತೇನು?”

ಮಹಾಂತಪ್ಪನ ಮುಖ ಸಡಿಲಾಯಿತು. “ಇಲ್ಲ ಬಿಡ. ಆದ್ರ ನಿಮ್ಮ ವೈನಿ ಇಲಿ ತಿಂದೈತೇನು ಅಂತ ಕೇಳ್ತಾಳ.”

“ಕೇಳ್ಲಿ. ಇಲಿ ತಿಂದಿದ್ದನ್ನ ತುಂಬೂಣು ಬಾ ಅಂತ ಆಕೀನ ಕೂಡಸ್ಕೋತೇನಿ. ಪಂಚಮಿ ತನಕಾ ಐತಲ್ಲ ವಾಯ್ದೆ.”

“ಆಕಿ ಕಾಗದ ಮುಟ್ಟಿದಾಕಿ ಅಲ್ಲ. ಎಲ್ಲಾ ಪ್ಯಾಟ್ಯಾಗಿಂದು ತರೂದು ಆಕಿಗೆ.”

“ಮುಟ್ಟತಾಳ. ನಿಮ್ಮ ಮನ್ಯಾಗ ಒಣಗಸಾಕ ಒಲಿ ಐತಿಲ್ಲ? ಈ ಸಲ ಒಂದ ಒಣಗಿದ ಮ್ಯಾಲ ಒಂದ ಹಚ್ಚೂದು.”

ಹೊರಗೆ ಕಾರಿನವನು ಹಾರ್ನ್ ಹೊಡೆದ. ಸುಮಿತಾ ಉಂಡಿಯ ಡಬ್ಬಿ ತಂದು ಮಹಾಂತಪ್ಪನ ಕೈಗೆ ಕೊಟ್ಟಳು. ತಾಯವ್ವ ಸೆರಗು ಸರಿಮಾಡಿಕೊಂಡು, ಸಾಣಿಗಿಯನ್ನು ಎರಡೂ ಕೈಯಲ್ಲಿ ಎದೆಗೆ ಆನಿಸಿಕೊಂಡು ಎದ್ದಳು.

“ಮತ್ತ ಆಕಿ ಅಲ್ಲಾ ಅಂದ್ರ?” ಎಂದ ಮಹಾಂತಪ್ಪ ಅವಳ ಹಿಂದೆಯೇ ಬರುತ್ತ.

“ನೀ ಸುಮ್ಮನಿರ ಅಣ್ಣಾ,” ಎಂದಳು ಹೊಸ್ತಿಲು ದಾಟುತ್ತ. “ಆಕಿ ಕೈಲೆ ಒಂದ ಕೊಳವಿ ಸುತ್ತಿಸಿ ನಡುವ ಹಚ್ಚಿಸಿದೆ ಅಂದ್ರ, ಟಿವಿ ಎಲ್ಲಿ ಇಡಬೇಕಂತ ಆಕೀನಽ ಮನೀ ತುಂಬ ಹುಡಕ್ಕೋತ ಅಡ್ಡಾಡತಾಳ…” ಉಳಿದ ಮಾತು ಕೇಳಿಸಲಿಲ್ಲ. ಅವಳು ಓಣಿಯ ಕೆಸರಿನಲ್ಲಿ ಕಾಲಿಡಲು ಒಣ ಜಾಗ ಆರಿಸಿಕೊಳ್ಳುತ್ತ, ಕಾರಿನ ಕಡೆ ನಡೆದಿದ್ದಳು.