ಒಂದೇ ಕೈಯಿಂದ ಬಿಚ್ಚಬಹುದಾದ ಕಂಟ್ರೋಲರ್

ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ, ಇರಕಲ್ಲಗಡದ ತನ್ನ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ಟಿವಿಯಲ್ಲಿ ಕಾರ್ ರೇಸ್ ಆಡುತ್ತಿದ್ದ ರೇಣುಕಾ, ಪರದೆಯಿಂದ ಕಣ್ಣು ಕೀಳದೆ, "ಮೇಡಂ, ಇದು ಯಾಕೋ ಬೆಚ್ಚಗಾಗಾಕತ್ತೈತ್ರಿ" ಎಂದಳು. ಐದರ ಬಸ್ಸಿಗೆ ನಾನು ಕೊಪ್ಪಳಕ್ಕೆ ಹಿಂತಿರುಗಬೇಕಿತ್ತು. ಆಗಷ್ಟೇ ಗಡಿಯಾರ ನೋಡಿದ್ದರಿಂದ ಹೊತ್ತು ನೆನಪಿದೆ. ಅವಳು 'ಇದು' ಎಂದದ್ದು ನಾನು ವಿನ್ಯಾಸ ಮಾಡಿದ ವಿಡಿಯೋ ಗೇಮ್ ಕಂಟ್ರೋಲರನ್ನು. ಅದು ಅವಳ ಎಡಗೈಗೆ ಪಟ್ಟಿಯಿಂದ ಬಿಗಿದುಕೊಂಡಿತ್ತು. ಅವಳಿಗೆ ಬೆರಳುಗಳಿದ್ದದ್ದು ಆ ಒಂದು ಕೈಯಲ್ಲಿ ಮಾತ್ರ.

ಅದು 2019ನೆಯ ಇಸವಿ. ಬೋರ್‌ವೆಲ್ ಪಂಪುಗಳ ಸ್ಟಾರ್ಟರ್ ಪೆಟ್ಟಿಗೆ ತಯಾರಿಸುವ ಕೊಪ್ಪಳದ ಒಂದು ಸಣ್ಣ ಘಟಕದಲ್ಲಿ ನಾನು ಡಿಸೈನ್ ಇಂಜಿನಿಯರ್ ಆಗಿದ್ದೆ. ಹಸಿರು ಗುಂಡಿ ಒತ್ತಿದರೆ ಪಂಪು ಚಾಲೂ, ಕೆಂಪು ಒತ್ತಿದರೆ ಬಂದ್. ಆ ಎರಡು ಗುಂಡಿಗಳು ಹೊಲದ ಧೂಳಿನಲ್ಲಿ, ಒದ್ದೆ ಕೈಗಳ ಕೆಳಗೆ, ವರ್ಷಗಟ್ಟಲೆ ಕೆಲಸ ಮಾಡುವಂತೆ ನೋಡಿಕೊಳ್ಳುವುದೇ ನನ್ನ ಉದ್ಯೋಗ. ರೇಣುಕಾ ನಮ್ಮ ಟೆಸ್ಟಿಂಗ್ ಮೇಜಿನಲ್ಲಿದ್ದಳು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಅವಳ ಬಲಗೈಯ ಬೆರಳುಗಳೆಲ್ಲ ಹೋಗಿದ್ದವು. ಎಡಗೈಯಿಂದಲೇ ಗುಂಡಿಗಳನ್ನು ಒತ್ತಿ ನೋಡಿ, ಸಡಿಲವಾದದ್ದನ್ನು ಹಿಂದಕ್ಕೆ ಸರಿಸುತ್ತಿದ್ದಳು.

ಒಂದು ದಿನ ಊಟದ ಬಿಡುವಿನಲ್ಲಿ ಅವಳು ತಮ್ಮ ಮಂಜುನಾಥನ ವಿಷಯ ತೆಗೆದಳು. ಅಪಘಾತಕ್ಕೆ ಮುಂಚೆ ಅಕ್ಕ ತಮ್ಮ ಇಬ್ಬರೂ ಹುಬ್ಬಳ್ಳಿಯಿಂದ ತಂದ ಹಳೆಯ ಗೇಮ್ ಪೆಟ್ಟಿಗೆಯಲ್ಲಿ ರೇಸ್ ಆಡುತ್ತಿದ್ದರಂತೆ. ಆಮೇಲೆ ಅವನು ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ್ದ.

"ನನಗ ಬ್ಯಾಸರಾಗಬಾರದು ಅಂತ ಮ್ಯಾಲಿಟ್ಟಾನ್ರಿ. ಬೆರಳು ಹೋದ್ವು, ಖರೆ. ಅವನ್ನ ಸೋಲಿಸೂ ಖುಷಿನೂ ಹೋಗಬೇಕೇನ್ರಿ?"

ಎರಡೂ ಕೈಗಳಲ್ಲಿ ಹಿಡಿದು, ಎರಡು ಹೆಬ್ಬೆರಳುಗಳಿಂದ ಆಡುವಂತೆ ಮಾಡಿದ ಕಂಟ್ರೋಲರ್ ಅವಳಿಗೆ ಆಗುವಂತಿರಲಿಲ್ಲ. ಅವಳು ತಂದುಕೊಟ್ಟ ಹಳೆಯದನ್ನು ಬಿಚ್ಚಿ ನೋಡಿದೆ. ಗುಂಡಿಗಳ ಕೆಳಗೆ ಒಂದೇ ರಬ್ಬರ್ ಹಾಳೆ. ಒತ್ತಿದಾಗ ರಬ್ಬರ್ ಬಾಗಿ ಸರ್ಕ್ಯೂಟಿಗೆ ತಾಗುತ್ತದೆ; ಒಂದು ಕಡೆ ಹರಿದರೆ ಇಡೀ ವಸ್ತು ತಿಪ್ಪೆಗೆ. ನಾನು ಯೋಚಿಸಿದ್ದು ಮೆಕ್ಯಾನಿಕಲ್ ಸ್ವಿಚ್. ಅದರಲ್ಲಿ ಪ್ರತಿ ಗುಂಡಿಗೂ ತನ್ನದೇ ಸ್ಪ್ರಿಂಗ್, ತನ್ನದೇ ಲೋಹದ ಸಂಪರ್ಕ. ಸಾಕೆಟ್ಟಿನಲ್ಲಿ ಕೂಡಿಸಿದರೆ, ಕೆಟ್ಟ ಗುಂಡಿಯನ್ನಷ್ಟೇ ಬಲ್ಬ್ ಬದಲಿಸಿದ ಹಾಗೆ ಕಿತ್ತು ಬೇರೆಯದನ್ನು ಹಾಕಬಹುದು. ಅವಳ ಕಿರುಬೆರಳಿನ ಬಲ ಕಡಿಮೆ. ಅಲ್ಲಿಗೆ ಮೆತ್ತನೆಯ ಸ್ಪ್ರಿಂಗ್. ಉಂಗುರ ಬೆರಳು ಸ್ವಲ್ಪ ವಕ್ರ. ಅಲ್ಲಿ ಗುಂಡಿಯನ್ನು ಒಳಕ್ಕೆ ಸರಿಸಿದರಾಯಿತು. ಬಲಗೈಯ ಮಣಿಕಟ್ಟಿನಿಂದ ಒತ್ತಲು ಪಂಪ್ ಸ್ಟಾರ್ಟರಿನ ಎರಡು ದೊಡ್ಡ ಗುಂಡಿಗಳ ಪ್ರತ್ಯೇಕ ಹಲಗೆ, ತಂತಿಯಿಂದ ಜೋಡಿಸಿದ್ದು. ಮುಖ್ಯ ಭಾಗ ಎಡಗೈಯಿಂದ ಜಾರದಂತೆ ಕೈಯ ಹಿಂಬದಿಗೆ ಒಂದು ನೈಲಾನ್ ಪಟ್ಟಿ. ಒಳಗೆ, ಫೋನಿನಲ್ಲಿರುವಂಥ ತೆಳು ಲಿಥಿಯಂ ಬ್ಯಾಟರಿ.

ಹೊರಕವಚ ಅವಳ ಅಂಗೈಯ ಆಕಾರಕ್ಕೇ ಬೇಕಿತ್ತು. ಅಂಥ ಕೆಲಸಕ್ಕೆ ಕಿನ್ನಾಳಕ್ಕೆ ಹೋಗದೆ ಬೇರೆಲ್ಲಿಗೆ ಹೋಗುವುದು? ಮರದ ಬೊಂಬೆ ಮಾಡುವ ವಿರೂಪಾಕ್ಷಪ್ಪ ರೇಣುಕಾಳ ಕೈಯನ್ನು ಹಿಡಿದು, ತಿರುಗಿಸಿ, ಗಂಭೀರವಾಗಿ ನೋಡಿದರು.

"ದೇವರ ಕೈ ಮಾಡೀನಿ, ಆನಿ ಸೊಂಡ್ಲಿ ಮಾಡೀನಿ. ಆಟ ಆಡೂ ಹುಡಿಗಿ ಕೈಗೆ ಅಳತಿ ತಗೊಂಡಿದ್ದು ಇದ ಮೊದಲು. ಗೆಲ್ತಿ ಹೌದಿಲ್ಲೋ?"

"ನೀವು ಛಲೋ ಮಾಡಿಕೊಟ್ರ ಗೆಲ್ತೀನ್ರಿ. ಸೋತ್ರ ನಿಮ್ಮ ಹೆಸರು ಹೇಳ್ತೀನಿ," ಎಂದಳು ರೇಣುಕಾ.

ಹಗುರ ಮರದ ಎರಡು ಭಾಗಗಳು, ನಾಲ್ಕು ಸ್ಕ್ರೂ. ಒಳಗಿನ ಭಾಗಗಳನ್ನೆಲ್ಲ ಕೂಡಿಸಿ, ಘಟಕದಲ್ಲಿ ಪರೀಕ್ಷಿಸಿ, ಕೊನೆಯ ಬಣ್ಣಕ್ಕೆಂದು ಅದನ್ನು ಹಾಗೆಯೇ ಕಿನ್ನಾಳಕ್ಕೆ ಕಳಿಸಿದೆವು. ಮರಳಿ ಬಂದಾಗ ಘಟಕದ ಮಂದಿಯೆಲ್ಲ ಸುತ್ತ ನಿಂತು ನೋಡಿದರು. ಕೆಂಪು ಮೈ, ಹಳದಿ ಬಳ್ಳಿ, ಗಿಳಿಹಸಿರು ಎಲೆ. ಒಂದು ಗೆರೆಯಷ್ಟೂ ಜೋಡಣೆ ಕಾಣುತ್ತಿರಲಿಲ್ಲ. ಸ್ಕ್ರೂಗಳೂ ಕಾಣುತ್ತಿರಲಿಲ್ಲ. ಬಣ್ಣದ ಅಡಿಯಲ್ಲಿವೆ, ಬೇಕಾದಾಗ ಕೆರೆದರಾಯಿತು ಎಂದುಕೊಂಡೆವು.

ಇನ್ನು ಆ ಭಾನುವಾರದ ಪಡಸಾಲೆಗೆ ಬರುತ್ತೇನೆ.

ಬೆಚ್ಚಗಾಗುತ್ತಿದೆ ಎಂದ ಮೇಲೂ ರೇಣುಕಾ ಆಟ ನಿಲ್ಲಿಸಲಿಲ್ಲ. ಅವಳ ಕಾರು ಮುಂದಿತ್ತು. "ಸೋಲೂ ಮುಂದ ಇಂಥಾ ನೆವ ಬರತಾವಕ್ಕಾ," ಎಂದು ಮಂಜುನಾಥ ಕಿಚಾಯಿಸಿದ. "ನಿನ್ನ ಕಾರು ಎಲ್ಲೈತಿ ಮೊದಲು ಹುಡುಕ್ಯೋ ಲೇ," ಎಂದಳು ಇವಳು. ನಾನು ಎದ್ದು ಹೋಗಿ ಕವಚದ ಮೇಲೆ ಕೈಯಿಟ್ಟೆ. ಬೆಚ್ಚಗಲ್ಲ, ಬಿಸಿ. ಆಗಲೇ ಸಿಹಿಯಾದ, ನೇಲ್ ಪಾಲಿಶಿನಂಥ ಒಂದು ವಾಸನೆ ಮೂಗಿಗೆ ಬಡಿಯಿತು. ಲಿಥಿಯಂ ಬ್ಯಾಟರಿಯ ಒಳಗಿನ ದ್ರವ ಹೊರಬಂದಾಗ ಬರುವ ವಾಸನೆ ಅದು. ಅದರ ಹಿಂದೆಯೇ ಬೆಂಕಿ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

"ಬಿಚ್ಚು, ಕೈ ಬಿಚ್ಚು" ಎಂದೆ. ಬಿಚ್ಚಲು ಅವಳಿಗೆ ಕೈ ಇರಲಿಲ್ಲ. ಪಟ್ಟಿ ಬಿಗಿದಿದ್ದು ಎಡಗೈಗೆ. ಅದರ ಕೊಂಡಿ ಎಳೆಯಲು ಬಲಗೈಯ ಬೆರಳುಗಳು ಬೇಕು. ಮಣಿಕಟ್ಟಿನಿಂದ ತಳ್ಳಿದಳು, ಮೊಣಕಾಲಿಗೆ ಒತ್ತಿ ಜಗ್ಗಿದಳು. ಮಂಜುನಾಥ ಗಾಬರಿಯಲ್ಲಿ ಪಟ್ಟಿಯ ತುದಿ ಹಿಡಿದು ಎಳೆದ. ಅದು ಸಡಿಲಾಗುವ ಬದಲು ಇನ್ನಷ್ಟು ಬಿಗಿಯಿತು. ನಾನು ಚೀಲದಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು ಕವಚ ತೆರೆಯಲು ನೋಡಿದೆ. ಬ್ಯಾಟರಿಯನ್ನು ಕಿತ್ತುಬಿಟ್ಟರೆ ಸಾಕಿತ್ತು. ಬಣ್ಣ ಕೆರೆದರೆ ಕೆಳಗೆ ಸ್ಕ್ರೂ ಸಿಗಲಿಲ್ಲ. ಕಲ್ಲಿನಂತೆ ಗಟ್ಟಿಯಾದ ಮೆತ್ತು ಸಿಕ್ಕಿತು. ಕವಚದ ಮೂಲೆಯಿಂದ ಬಿಳಿ ಹೊಗೆಯ ಎಳೆ ಹೊರಟಿತು. ರೇಣುಕಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಅವಳ ತಾಯಿ ಗೌರವ್ವ ಅಡುಗೆಮನೆಯಿಂದ ಕುಡಗೋಲು ಹಿಡಿದು ಬಂದರು. "ಸರೀರಿ ಬಾಯಾರ," ಎಂದು ನನ್ನನ್ನು ಪಕ್ಕಕ್ಕೆ ದೂಡಿ, ಮಗಳ ಕೈಯನ್ನು ತಮ್ಮ ತೊಡೆಯ ಮೇಲೆ ಒತ್ತಿ ಹಿಡಿದು, ಕುಡಗೋಲಿನ ತುದಿಯನ್ನು ಪಟ್ಟಿಯ ಕೆಳಗೆ ತೂರಿಸಿ ಮೇಲಕ್ಕೆ ಸೀಳಿದರು. ಬಿದ್ದ ಕಂಟ್ರೋಲರನ್ನು ನಾನು ಚಾಪೆಯ ಸಮೇತ ಅಂಗಳಕ್ಕೆ ಎಳೆದೆ. ಹೊಸ್ತಿಲು ದಾಟುತ್ತಿದ್ದಂತೆ ಅದು ಭುಸ್ಸೆಂದು ಹತ್ತಿಕೊಂಡಿತು. ಪಕ್ಕದ ಮನೆಯವರು ಗೋಡೆ ಕಟ್ಟಿಸಲು ಸುರಿದಿದ್ದ ಮರಳನ್ನು ಮಂಜುನಾಥ ಬುಟ್ಟಿಯಲ್ಲಿ ತಂದು ಮೇಲೆ ಸುರಿದ.

ರೇಣುಕಾಳ ಅಂಗೈ ಮೇಲೆ ಬೊಬ್ಬೆ ಎದ್ದಿತ್ತು, ಅಷ್ಟೇ. ಸುಟ್ಟದ್ದು ಚರ್ಮ ಮಾತ್ರ, ಬೆರಳುಗಳಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಮುಲಾಮು ಬರೆದುಕೊಟ್ಟರು. ಆದರೆ ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಪಟ್ಟಿಯ ಕೊಂಡಿ ಕಾಣುತ್ತಿತ್ತು. ಗೌರವ್ವ ಹಿತ್ತಲಿನಲ್ಲಿದ್ದಿದ್ದರೆ? ಕುಡಗೋಲು ಹೊಲದಲ್ಲಿ ಉಳಿದಿದ್ದರೆ? ಅವಳು ಒಬ್ಬಳೇ ಆಡುತ್ತಿದ್ದಿದ್ದರೆ? ಈ ಕೊನೆಯ ಪ್ರಶ್ನೆ ಬಂದಾಗ ಎದ್ದು ಕೂರುತ್ತಿದ್ದೆ. ಇಂದಿಗೂ ಯಾರಾದರೂ ನೇಲ್ ಪಾಲಿಶ್ ಬಾಟಲಿ ತೆರೆದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಸುಟ್ಟ ಕವಚವನ್ನು ಗರಗಸದಿಂದ ಕೊಯ್ದು ನೋಡಿದಾಗ ಕಾರಣ ತಿಳಿಯಿತು. ತೆಳು ಬ್ಯಾಟರಿ ಬಳಕೆಯಲ್ಲಿ ಸ್ವಲ್ಪ ಉಬ್ಬುತ್ತದೆ. ಅದಕ್ಕೆಂದು ಸುತ್ತ ಖಾಲಿ ಜಾಗ ಬಿಟ್ಟಿದ್ದೆ. ಆ ಜಾಗದ ತುಂಬ ಹುಣಸೆಬೀಜದ ಅಂಟಿಗೆ ಕಟ್ಟಿಗೆ ಪುಡಿ ಕಲಸಿದ ಮೆತ್ತು ಇತ್ತು. ಒಣಗಿದ ಮೆತ್ತು ಬ್ಯಾಟರಿಯನ್ನು ಹಿಂಡಿತ್ತು. ಸ್ಕ್ರೂ ತಲೆಗಳ ಮೇಲೂ, ಜೋಡಣೆಯ ಉದ್ದಕ್ಕೂ ಅದೇ ಮೆತ್ತು.

ಸುದ್ದಿ ತಿಳಿದು ವಿರೂಪಾಕ್ಷಪ್ಪನವರೇ ಘಟಕಕ್ಕೆ ಬಂದರು. ಕರಕಲಾದ ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಲ್ಲಾಡಿಸಿದ್ರ ಒಳಗ ಲಟಲಟ ಅಂತಿತ್ತ್ರಿ. ಟೊಳ್ಳು ಸಪ್ಪಳ ಬರೂ ಬೊಂಬಿ ಕೊಟ್ರ ಮಂದಿ ನಗತಾರ. ಅದಕ್ಕ ಬಿಚ್ಚಿ, ತುಂಬಿ, ಗಟ್ಟಿ ಮಾಡಿದೆ. ನಮ್ಮ ಕೆಲಸದಾಗ ಜೋಡಣಿ ಕಾಣಬಾರದ್ರಿ. ನಮ್ಮ ಅಪ್ಪ ಜೋಡಣಿ ಕಂಡ್ರ ಬೊಂಬಿ ಒಲಿಗೆ ಹಾಕತಿದ್ದ."

"ನಮ್ಮ ಕೆಲಸದಲ್ಲಿ ಜೋಡಣೆ ಕಾಣದಿದ್ದರೆ ಕೈ ಹೋಗುತ್ತದೆ, ವಿರೂಪಾಕ್ಷಪ್ಪನವರೇ," ಎಂದೆ.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಒಂದು ಕಸುಬಿನಲ್ಲಿ ಮೆಚ್ಚುಗೆಯಾದದ್ದು ಇನ್ನೊಂದರಲ್ಲಿ ಅಪಾಯ ಎಂಬುದನ್ನು ನಮ್ಮಿಬ್ಬರಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಇನ್ನು ಈ ಗೊಡವೆಯೇ ಬೇಡ ಎಂದು ತೀರ್ಮಾನಿಸಿ, ಉಳಿದ ಸ್ವಿಚ್ಚುಗಳನ್ನು ಕಟ್ಟಿ ಕಪಾಟಿನಲ್ಲಿಟ್ಟೆ.

ಬೊಬ್ಬೆ ಮಾಗಿ ಹೊಸ ಚರ್ಮ ಬಂದ ಮೇಲೆ ರೇಣುಕಾ ನನ್ನ ಮೇಜಿನ ಬಳಿ ಬಂದು ನಿಂತಳು.

"ಮತ್ತ ಯಾವಾಗ ಚಾಲೂ ಮಾಡೂದ್ರಿ ಮೇಡಂ?"

"ಬೇಡ ರೇಣುಕಾ. ನನಗೆ ಧೈರ್ಯ ಸಾಲದು."

"ಧೈರ್ಯ ನನಗೂ ಇಲ್ರಿ. ಪಟ್ಟಿ ಅಂದ್ರ ಮೈ ಝುಂ ಅಂತೈತಿ. ಆದ್ರ ಮಂಜ್ಯಾ ಗೇಮ್ ಪೆಟ್ಟಿಗಿ ಮತ್ತ ಅಟ್ಟಕ್ಕ ಏರಿಸ್ಯಾನ್ರಿ. ಈ ಸಲ ಕೆಳಗ ಬರೂದಿಲ್ಲ ಅದು. ಒಂದ ಮಾತು ಹೇಳತೀನಿ, ಅದನ್ನ ಮಾಡಿಕೊಡ್ರಿ. ಹಾಕ್ಕೊಳ್ಳೂದು ತಡ ಆದ್ರೂ ಆಗಲಿ, ಬಿಚ್ಚೂದು ನನ್ನ ಕೈಲೆ ಆಗಬೇಕು. ಯಾರೂ ಮನ್ಯಾಗ ಇಲ್ಲದಾಗೂ ಆಗಬೇಕು."

ಆ ಒಂದು ಮಾತಿನಿಂದ ಎರಡನೆಯ ವಿನ್ಯಾಸ ಹುಟ್ಟಿತು. ಬ್ಯಾಟರಿಯನ್ನು ಕೈಯಿಂದ ದೂರಕ್ಕೆ ಒಯ್ದೆ: ನೆಲದ ಮೇಲಿಡುವ ಡಬ್ಬಿಯಲ್ಲಿ ಟಾರ್ಚಿಗೆ ಹಾಕುವ ಸಾಮಾನ್ಯ ಸೆಲ್‌ಗಳು, ಅಲ್ಲಿಂದ ಉದ್ದನೆಯ ತಂತಿ. ಜಗ್ಗಿದರೆ ತಂತಿ ತಾನೇ ಕಳಚಿಕೊಳ್ಳುತ್ತದೆ. ಕೊಂಡಿಯನ್ನು ಕಿತ್ತುಹಾಕಿ, ಚಪ್ಪಲಿಗಳಿಗೆ ಇರುವಂಥ ಅಂಟುಪಟ್ಟಿ ಹೊಲಿಸಿದೆ. ತುದಿಯಲ್ಲಿ ಹಲ್ಲಿನಿಂದ ಕಚ್ಚಿ ಎಳೆಯಲು ಬಟ್ಟೆಯ ಕುಚ್ಚು. ಮೊದಲ ಸಲ ಕಚ್ಚಿ ಎಳೆದಾಗ ರೇಣುಕಾ, "ಇದಕ್ಕ ಸ್ವಲ್ಪ ಉಪ್ಪು ಖಾರ ಹಚ್ಚಿಸ್ರಿ" ಎಂದಳು. ಆದರೂ ಅವಳು ಪಟ್ಟಿಯನ್ನು ಬಿಗಿಯಲು ಬಿಡುತ್ತಿರಲಿಲ್ಲ. ಸಡಿಲವಾಗಿ ಹಾಕಿ, ತಕ್ಷಣ ಕಿತ್ತು, ಮತ್ತೆ ಹಾಕಿ, ಮತ್ತೆ ಕೀಳುತ್ತಿದ್ದಳು. ನಾನು ಅವಸರ ಮಾಡಲಿಲ್ಲ.

ಕವಚಕ್ಕೆ ಮತ್ತೆ ಕಿನ್ನಾಳಕ್ಕೇ ಹೋದೆವು. ಈ ಸಲ ಮಾತು ಮೊದಲು, ಮರ ಆಮೇಲೆ. ಸ್ಕ್ರೂ ಕಾಣಬೇಕು, ಜೋಡಣೆ ಕಾಣಬೇಕು, ಒಳಗೆ ಟೊಳ್ಳು ಟೊಳ್ಳಾಗಿಯೇ ಇರಬೇಕು ಎಂದೆ. ವಿರೂಪಾಕ್ಷಪ್ಪ ತಲೆ ಕೆರೆದುಕೊಂಡರು. "ಸೆರಗ ಇಲ್ಲದ ಸೀರಿ ಉಡಿಸಿದಂಗ ಆಗತೈತಲ್ರಿ," ಎಂದು ಗೊಣಗಿದರು. ವಾರದ ನಂತರ ನಾವು ಮತ್ತೆ ಹೋದಾಗ ಅವರ ಮುಖದಲ್ಲಿ ನಗುವಿತ್ತು. ಜೋಡಣೆಯನ್ನು ಮುಚ್ಚುವ ಬದಲು ಅದರ ಉದ್ದಕ್ಕೂ ಎದ್ದು ಕಾಣುವ ಹಳದಿ ಗೆರೆ ಎಳೆದಿದ್ದರು. ಬೆರಳಿನಿಂದಲೇ ತಿರುಗಿಸಬಹುದಾದ ದೊಡ್ಡ ಹಿತ್ತಾಳೆ ಸ್ಕ್ರೂಗಳನ್ನು ನಾನು ಕೊಟ್ಟಿದ್ದೆ. ಪ್ರತಿಯೊಂದರ ಸುತ್ತ ಎಸಳು ಬರೆದು, ಸ್ಕ್ರೂವನ್ನೇ ಹೂವಿನ ನಡುಭಾಗ ಮಾಡಿದ್ದರು.

"ಈಗ ಯಾರರ ನೋಡಿದ್ರ ಮೊದಲು ಹೂವು ನೋಡತಾರ. ಹೂವು ತಿರುವಿದ್ರ ಬಾಗಲಾ ತೆಗೀತೈತಿ. ನಮ್ಮ ಮರ್ಯಾದಿನೂ ಉಳೀತು, ನಿಮ್ಮ ಹುಡಿಗಿ ಕೈನೂ ಉಳೀತು," ಎಂದರು.

ಒಂದೇ ಕೈಯಿಂದ ಸ್ಕ್ರೂ ತಿರುಗಿಸುವಾಗ ಕಂಟ್ರೋಲರ್ ಜಾರದಂತೆ ಅದನ್ನು ಕೂಡಿಸಿಡಲು ಗುಳಿ ತೋಡಿದ ಒಂದು ಮಣೆಯನ್ನೂ ಅವರು ಕೆತ್ತಿಕೊಟ್ಟರು. ಹೆಚ್ಚುವರಿ ಸ್ವಿಚ್ಚುಗಳಿಗೆ ಆ ಮಣೆಯಲ್ಲೇ ಒಂದು ಗೂಡು.

ರೇಣುಕಾ ಅದನ್ನು ಮನೆಗೆ ಒಯ್ದಳು. ನಾನು ಪ್ರತಿದಿನ ಬೆಳಿಗ್ಗೆ ಅವಳ ಕೈಯನ್ನೇ ಮೊದಲು ನೋಡುತ್ತಿದ್ದೆ. ರಾತ್ರಿ ಫೋನನ್ನು ದಿಂಬಿನ ಪಕ್ಕದಲ್ಲಿಟ್ಟು, ಅವಳ ಮನೆಯಿಂದ ಕರೆ ಬಂದಿಲ್ಲವಲ್ಲ ಎಂದು ನೋಡಲು ಮತ್ತೆ ಮತ್ತೆ ಏಳುತ್ತಿದ್ದೆ. ಹೀಗೆಯೇ ದಿನಗಳು ಹೋಗುತ್ತಿದ್ದಾಗ ಒಂದು ಮಧ್ಯಾಹ್ನ ಅವಳು ಟೆಸ್ಟಿಂಗ್ ಮೇಜಿನಿಂದಲೇ ದೂರು ಹೇಳಿದಳು.

"ನಿನ್ನೆ ಮಂಜ್ಯಾ ಮೋಸ ಮಾಡಿದ್ರಿ. ರೇಸಿನ ನಡುವ ನನ್ನ ಬ್ರೇಕಿನ ಗುಂಡಿ ಸತ್ತು ಹೋತು. ತಡಿಯೋ ಅಂದೆ, ಹಲ್ಲಿಲೆ ಪಟ್ಟಿ ಕಿತ್ತೆ, ಮಣಿ ಮ್ಯಾಲ ಇಟ್ಟು ಹೂವು ತಿರುವಿದೆ, ಸ್ವಿಚ್ ಬದಲಿ ಮಾಡಿ ಮತ್ತ ಹಾಕ್ಕೊಂಡೆ. ಅಷ್ಟರಾಗ ಅವ ಹೋಗಿ ಗೆದ್ದು ಕುಂತಾನ್ರಿ. ನ್ಯಾಯ ಏನ್ರಿ ಇದು?"

"ಮನೆಯಲ್ಲಿ ಯಾರಿದ್ದರು?"

"ಅವ್ವ ಹೊಲಕ್ಕ ಹೋಗಿದ್ಲು. ಮಂಜ್ಯಾ ಇದ್ದಾ, ಆದ್ರ ಅವ ಎದಕ್ಕ ಎದ್ದು ಬರತಾನ, ಗೆಲ್ಲಾಕತ್ತಿದ್ದ." ಅಷ್ಟು ಹೇಳಿ ಅವಳು ಮುಂದಿನ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿ ನೋಡತೊಡಗಿದಳು. ತಾನು ಹೇಳಿದ್ದು ದೊಡ್ಡ ಸುದ್ದಿ ಎಂದು ಅವಳಿಗೆ ಅನ್ನಿಸಿರಲಿಲ್ಲ. ಪಟ್ಟಿ ಕಿತ್ತ ಮೇಲೆ ಅದನ್ನು ತಾನಾಗಿ ಮತ್ತೆ ಹಾಕಿಕೊಂಡಿದ್ದಳು. ನನಗೆ ಬೇಕಾಗಿದ್ದದ್ದು ಅಷ್ಟೇ.

ಗಟ್ಟಿಮುಟ್ಟಾದದ್ದು, ಕೆಡದಿರುವುದು, ಅಂದವಾದದ್ದು, ಇವನ್ನೆಲ್ಲ ಮಾಡುವುದು ಹೇಗೆಂದು ಕಾಲೇಜಿನಲ್ಲಿ ಓದಿದ್ದೆ. ವಸ್ತು ಕೆಟ್ಟ ಗಳಿಗೆಯಲ್ಲಿ ಅದು ಯಾರ ಕೈಯಲ್ಲಿರುತ್ತದೆ, ಆ ಕೈಗೆ ಏನು ಸಾಧ್ಯ ಎಂದು ಮೊದಲು ಕೇಳಬೇಕೆಂಬುದನ್ನು ಕಲಿತದ್ದು ಈ ಕೆಲಸದಿಂದ. ಆಮೇಲೆ ನಾನು ಬರೆದ ಪಂಪ್ ಸ್ಟಾರ್ಟರುಗಳ ನಕ್ಷೆಗಳಲ್ಲೂ ಮುಚ್ಚಳ ತೆರೆಯುವ ಕ್ರಮವನ್ನೇ ಮೊದಲು ಬರೆದೆ, ಉಳಿದದ್ದನ್ನು ನಂತರ.

ನಮ್ಮ ಬಡಾವಣೆಗೆ ನಳದ ನೀರು ವಾರಕ್ಕೊಮ್ಮೆ, ಅದೂ ಬೆಳಕು ಹರಿಯುವ ಮುಂಚೆ ಬರುತ್ತಿತ್ತು. ರೇಣುಕಾ ಆ ದೂರು ಹೇಳಿದ ಮಾರನೆಯ ಬೆಳಿಗ್ಗೆ ಕಿಟಕಿಯಲ್ಲಿ ಬಿಸಿಲು ಬಿದ್ದಿದ್ದಾಗ ಪಕ್ಕದ ಮನೆಯ ಶಾಂತಕ್ಕ ಬಾಗಿಲು ಬಡಿದರು.

"ಏನ್ರಿ ಬಾಯಾರ, ನೀರು ಬಂದು ಹೋತು. ಎಷ್ಟ ಕರದ್ರೂ ಓ ಅನ್ನಲಿಲ್ಲ. ಆರಾಮ ಅದೀರಿ ಹೌದಿಲ್ರಿ?"

"ಆರಾಮ ಇದ್ದೀನಿ ಶಾಂತಕ್ಕ," ಎಂದೆ, "ನಿದ್ದೆ ಬಂದಿತ್ತು." ಆಮೇಲೆ ಖಾಲಿ ಕೊಡ ತೆಗೆದುಕೊಂಡು ಅವರ ಮನೆಯಿಂದಲೇ ನೀರು ತಂದೆ.